ಬಾಣಂತಿ ಸನ್ನಿ ಅನ್ನೋ ಹೆಸರಿನ ಹಿಂದಿನ ಕಥಿ

ನಾ ಪಿಯುಸಿ ಓದೋವಾಗ ನಮ್ಮ ಮೌಶಿ ಚೊಚ್ಚಲ ಬಾಣಂತನಕ್ಕ ಅಜ್ಜಿ ಮನಿಗೆ ಬಂದಿದ್ದಳು. ಹೆಣ್ಣು ಕೂಸು. ಬಾಣಂತಿ ಖೋಲಿಯೊಳಗ ಶೇಗಡಿ, ಲೋಬಾನದ ಹೊಗಿ, ಕಿವಿಗೆ ಅರಳಿ, ತಲಿಗೆ ಸ್ಕಾರ್ಫು, ಅಂಟಿನುಂಡಿ, ಅಳ್ವಿ ಪಾಯಸ, ಎಲ್ಲಾ ಪದ್ಧತಿ ಪ್ರಕಾರ ನಡದಿತ್ತು. ನಾಲ್ಕನೇ ದಿನದಿಂದ ಮೌಶಿ ಮಲಗೋದು ಬಿಟ್ಟಳು. ಕೂಸು ಮಲಗಿದ್ರೂ ಅಕಿ ಮಲಗವಲ್ಲಳು. ಒಂದ ಸವನ ಮಾತು, ನಡುವ ನಗು, ನಡುವ ಅಳು. ಆರನೇ ದಿನ, "ಇದು ನನ್ನ ಕೂಸಲ್ಲ, ಯಾರೋ ಬದಲಿ ಮಾಡ್ಯಾರ" ಅಂದಳು.

ಅಜ್ಜಿ "ಥಂಡಿ ಗಾಳಿ ಹೊಕ್ಕದ, ಸನ್ನಿ ಆಗೇದ" ಅಂದಳು. ಅಂತ್ರ ಕಟ್ಟಿಸಿದ್ದಾತು, ದೃಷ್ಟಿ ತಗದದ್ದಾತು. ಎಂಟು ದಿನ ಹಿಂಗ ಹೋದ ಮ್ಯಾಲೆ ದವಾಖಾನಿಗೆ ಒಯ್ದರು. ಅಲ್ಲೆ ಕೂಸಿಗೆ ಜಾಗಾ ಇರಲಿಲ್ಲ. ಮೂರು ತಿಂಗಳಿಗೆ ಮೌಶಿ ಪೂರಾ ಆರಾಮಾಗಿ ಬಂದಳು. ಆದ್ರ ಎದಿಹಾಲು ಬತ್ತಿತ್ತು, ಕೂಸು ಅಜ್ಜಿ ತೊಡಿಗೆ ಹೊಂದಿಕೊಂಡಿತ್ತು. ಮುಂದ ಮಾತು ಬಂದಾಗ ಅದು "ಅವ್ವ" ಅಂದದ್ದೂ ಅಜ್ಜಿಗೇ. ಮನಿಯೊಳಗ ಎಲ್ಲಾರಿಗೂ ಒಂದು ತಾಕೀತು ಆತು: ಇದನ್ನ ಯಾರ ಮುಂದೂ ಆಡಬ್ಯಾಡ್ರಿ.

ಈ "ಸನ್ನಿ" ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಇತ್ತೀಚೆಗೆ ಹುಡುಕಿ ಓದಿದೆ. ಆಯುರ್ವೇದದಾಗ ವಾತ, ಪಿತ್ತ, ಕಫ ಮೂರೂ ಒಮ್ಮೆಲೇ ಕೆಟ್ಟು ಬರೋ ಜ್ವರಕ್ಕ ಸನ್ನಿಪಾತ ಅಂತಾರ. ಜ್ವರ ತಲಿಗೇರಿ ಬಡಬಡಿಸಿದ್ರ ಸನ್ನಿ. ಅಂದ್ರ ಇದು ಮೊದಲು ಜ್ವರದ ಹೆಸರು. ಗ್ರೀಸಿನ ಹಿಪಾಕ್ರಟೀಸನ ಹೆಸರಿನಾಗ ಇರೋ ಸುಮಾರು 2,400 ವರ್ಷ ಹಿಂದಿನ ಪುಸ್ತಕದಾಗೂ ಒಬ್ಬ ಬಾಣಂತಿ ಇದ್ದಾಳ. ಅವಳಿ ಹೆಣ್ಣುಮಕ್ಕಳನ್ನ ಕಷ್ಟಪಟ್ಟು ಹಡೆದಳು, ಜ್ವರ ಬಂತು, ನಿದ್ದಿ ಹೋತು, ಆರನೇ ದಿನ ಬಡಬಡಿಸಿದಳು, 17ನೇ ದಿನ ತೀರಿಕೊಂಡಳು. ಅಕಿಗೆ ಆಗಿದ್ದು ಬಹುಶಃ ಹೆರಿಗಿ ನಂಜು. ಆಗ ನಂಜಿನ ಬಡಬಡಿಕಿ ಯಾವುದು, ಮನಸ್ಸಿನ ಬ್ಯಾನಿ ಯಾವುದು ಅಂತ ಬ್ಯಾರೆ ಮಾಡೋ ದಾರಿ ಇರಲಿಲ್ಲ. ನಮ್ಮ ಅಜ್ಜಿ ಕಾಲಕ್ಕೂ ಎರಡಕ್ಕೂ ಒಂದೇ ಹೆಸರು.

ಇದನ್ನ ಬ್ಯಾರೆ ಮಾಡಿ ದೊಡ್ಡ ಪುಸ್ತಕ ಬರದವನು ಪ್ಯಾರಿಸ್ಸಿನ ಡಾಕ್ಟರ್ ಲೂಯಿ ವಿಕ್ತೋರ್ ಮಾರ್ಸೆ, 1858ರಾಗ. ಬಸುರಿಯರು, ಹಸಿಬಾಣಂತಿಯರು, ಹಾಲೂಡಸೋ ತಾಯಂದಿರು, ಈ ಮೂರೂ ಮಂದಿಯ ಮನಸ್ಸಿನ ಬ್ಯಾನಿ ಬಗ್ಗೆನೇ ಇಡೀ ಪುಸ್ತಕ. ಅದಕ್ಕೂ ಮೊದಲು, 1840ರಾಗ, ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಹೆಂಡತಿ ಇಸಬೆಲ್ಲಾಗೆ ಮೂರನೇ ಹೆರಿಗಿ ಆದ ಮ್ಯಾಲೆ ಮನಸ್ಸು ಕೆಟ್ಟಿತ್ತು. ಐರ್ಲಂಡಿಗೆ ಹೋಗೋವಾಗ ಹಡಗಿನಿಂದ ಸಮುದ್ರಕ್ಕ ಹಾರಿದಳು. ಜೀವ ಉಳೀತು, ಮನಸ್ಸು ತಿರುಗಿ ಮೊದಲಿನಂಗ ಆಗಲಿಲ್ಲ. ಉಳಿದ ಜೀವಮಾನ ಬ್ಯಾರೆಯವರ ಆರೈಕಿಯೊಳಗ ಕಳದಳು. ಹೆಣ್ಣುಮಕ್ಕಳು ಪ್ಯಾರಿಸ್ಸಿನಾಗ ಅಪ್ಪನ ತಾಯಿ ಕಡೆ ಬೆಳೆದರು. ಇದನ್ನ ಓದಿದಾಗ ನನಗ ನಮ್ಮ ಅಜ್ಜಿ ತೊಡಿ ಮ್ಯಾಲಿನ ಕೂಸು ನೆನಪಾತು.

ನಮ್ಮ ಕಡೆನೂ ಹುಚ್ಚರ ಆಸ್ಪತ್ರಿ ಹೊಸಾದಲ್ಲ. ಧಾರವಾಡದ್ದು 1845ರದ್ದು, ಬೆಂಗಳೂರಿಂದು 1847ರದ್ದು. ಆದ್ರ 1912ರ ಕಾಯ್ದೆದಾಗ ರೋಗಿಗೆ "ಲ್ಯೂನಟಿಕ್" ಅಂತ ಹೆಸರು. ಎಷ್ಟೋ ಮಂದಿನ ಒಳಗ ಸೇರಿಸಲಿಕ್ಕೆ ಮ್ಯಾಜಿಸ್ಟ್ರೇಟರ ಹುಕುಂ ಬೇಕಾಗ್ತಿತ್ತು. ಹಸಿಬಾಣಂತಿನ ಅಲ್ಲಿಗೆ ಕಳಸಲಿಕ್ಕೆ ಯಾವ ಮನಿಯವರಿಗೆ ಧೈರ್ಯ ಬಂದೀತು ಹೇಳ್ರಿ.

ತಾಯಿ ಜೊತಿಗೆ ಕೂಸನ್ನೂ ಇಟಗೊಳ್ಳೋದು ಸುರು ಆಗಿದ್ದು ಇಂಗ್ಲೆಂಡಿನಾಗ. 1948ರಾಗ ಕ್ಯಾಸೆಲ್ ಆಸ್ಪತ್ರಿಯ ಡಾಕ್ಟರ್ ಥಾಮಸ್ ಮೇನ್ ತಾಯಿ-ಮಕ್ಕಳನ್ನ ಕೂಡೇ ಸೇರಿಸಿಕೊಂಡರು. ನಮ್ಮ ದೇಶದಾಗ ಅಂಥಾ ತಾಯಿ-ಮಗು ವಾರ್ಡು 2009ರಾಗ ಬೆಂಗಳೂರಿನ ನಿಮ್ಹಾನ್ಸ್‌ನಾಗ ಸುರು ಆತು. 2017ರ ಮಾನಸಿಕ ಆರೋಗ್ಯ ಕಾಯ್ದೆದಾಗಂತೂ, ಮೂರು ವರ್ಷದೊಳಗಿನ ಕೂಸನ್ನ ಚಿಕಿತ್ಸಾಕ್ಕ ಸೇರಿದ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದು, ಕೂಸಿಗೆ ಅಪಾಯ ಇದ್ರ ಮಾತ್ರ ಅಗಲಿಸಬೇಕು ಅಂತ ಬರದಾರ. ನಮ್ಮ ಮೌಶಿಗೆ ಈ ಸಾಲು ತಡಾ ಆಗಿ ಬಂತು.

ಇನ್ನ ಇದನ್ನ ಗುರುತು ಹಿಡಿಯೋದು ಹೆಂಗ? ಹಡೆದ ಮ್ಯಾಲೆ ಬರೋದು ಮೂರು ನಮೂನಿ. ಮೊದಲನೇದು, ಮೂರು-ನಾಲ್ಕನೇ ದಿನಕ್ಕ ಸುಮ್ಮ ಸುಮ್ಮನ ಅಳು ಬರೋದು. ಇದು ಭಾಳ ಮಂದಿಗೆ ಬರ್ತದ, ಎರಡು ವಾರದಾಗ ತಾನೇ ಹೋಗ್ತದ. ಎರಡನೇದು ಖಿನ್ನತೆ. ಮೆಲ್ಲಕ ಬಂದು ವಾರಗಟ್ಟಲೆ ಕೂಡ್ತದ. ಅದನ್ನ ಪತ್ತೆ ಹಚ್ಚಲಿಕ್ಕೆ ಸ್ಕಾಟ್ಲಂಡಿನ ಎಡಿನ್‌ಬರೋ ಊರಿನ ಹೆಸರಿನ 10 ಪ್ರಶ್ನೆಯ ಪಟ್ಟಿ 1987ರಾಗ ಬಂತು, ಕನ್ನಡದಾಗೂ ಬಳಸ್ಯಾರ. ಮೂರನೇದು ನಮ್ಮ ಸನ್ನಿ. ಸಾವಿರ ಹೆರಿಗಿಗೆ ಒಬ್ಬರು ಇಲ್ಲಾ ಇಬ್ಬರಿಗೆ ಬರ್ತದ, ಹೆಚ್ಚಾಗಿ ಮೊದಲ ಎರಡು ವಾರದಾಗೇ. ಇದು ಒಂದು ದಿನಾನೂ ಕಾಯೋ ಬ್ಯಾನಿ ಅಲ್ಲ, ತಾಯಿ-ಕೂಸು ಇಬ್ಬರ ಜೀವಕ್ಕೂ ಅಪಾಯ.

"ಇದು ಸನ್ನಿನೇ" ಅಂತ ಹೇಳೋ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಡಾಕ್ಟರು ರಕ್ತ ತಗೋತಾರ ನಿಜ, ಅದು ಬ್ಯಾರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೆ: ನಂಜು, ಥೈರಾಯ್ಡು, ರಕ್ತದೊಳಗಿನ ಉಪ್ಪಿನ ಏರುಪೇರು. ಬಿ.ಪಿ. ನೋಡತಾರ. ಮೆದುಳಿನ ನರದಾಗ ರಕ್ತ ಹೆಪ್ಪುಗಟ್ಟೇದೇನು ಅಂತ ಸ್ಕ್ಯಾನ್ ಮಾಡಬಹುದು. ಬಾಣಂತಿಗೆ ನೀರು ಕಡಿಮಿ ಕೊಡೋ ನಮ್ಮ ಪದ್ಧತಿಯಿಂದ ಆ ಹೆಪ್ಪಿನ ಭಯ ಹೆಚ್ಚು, ಅದನ್ನಂತೂ ಬಿಟ್ಟುಬಿಡ್ರಿ. ಇವೆಲ್ಲಾ ನೋಡಿದ ಮ್ಯಾಲೆ ಉಳಿಯೋದು ಪ್ರಶ್ನೆ. ನಿದ್ದಿ ಯಾವಾಗಿಂದ ಹೋತು? ಯಾರದರ ಮ್ಯಾಲೆ ಸಂಶಯ ಪಡತಾಳೇನು? ಕೂಸಿನ ಬಗ್ಗೆ ಏನಂತಾಳ? ಮೊದಲು ಹಿಂಗಾಗಿತ್ತೇನು? ತಾಯಿಗೆ, ಅಕ್ಕತಂಗ್ಯಾರಿಗೆ ಆಗಿತ್ತೇನು? ಇವಕ್ಕ ಉತ್ತರ ಗೊತ್ತಿರೋದು ರಾತ್ರಿ ಬಾಜೂಕ ಮಲಗಿದ ಹೆಂಗಸರಿಗೆ. ಒಮ್ಮೆ ಆದವರಿಗೆ ಮುಂದಿನ ಹೆರಿಗಿದಾಗ ಸುಮಾರು ಮೂರರಾಗ ಒಬ್ಬರಿಗೆ ಮತ್ತ ಆಗೋ ಸಂಭವ ಅದ. ಆದವರ ಮಕ್ಕಳಿಗೂ ಬ್ಯಾರೆಯವರಕಿಂತ ಭಯ ಹೆಚ್ಚು. ಅಂಥಾದ್ರಾಗ ನಾವು ಬಾಯಿ ಮುಚ್ಚಿಕೊಂಡ್ರ ಡಾಕ್ಟರ್ ಕೈ ಕಟ್ಟಿದಂಗ ಅಲ್ಲೇನು?

ಮೌಶಿ ಮಗಳು ಬಸುರಿ ಆದಾಗ ನನಗ ಇದೇ ಚಿಂತಿ ಹತ್ತಿತು. ಅಕಿ ಗಂಡನ ಮನಿಯವರಿಗೆ ಒಂದೂ ಗೊತ್ತಿಲ್ಲ. "ನೀನೇ ಹೇಳವಾ ಮೌಶಿ" ಅಂದೆ. ಎರಡು ತಿಂಗಳು ಮೌಶಿ ನನ್ನ ಜೋಡಿ ಮಾತು ಬಿಟ್ಟಳು. ಏಳನೇ ತಿಂಗಳ ತಪಾಸಣಿಗೆ ತಾನೂ ಹೊಂಟು ನಿಂತಳು. ಬೀಗತಿ ಬಾಜೂಕೇ ಕೂತಿದ್ದರು. "ಡಾಕ್ಟರs, ಇಕಿನ ಹಡೆದಾಗ ನನಗ ಸನ್ನಿ ಆಗಿತ್ತು" ಅಂದಳು. ಡಾಕ್ಟರು ಪೆನ್ ತಗೊಂಡು ಬರಕೊಂಡರು, ಮನೋವೈದ್ಯರಿಗೆ ಚೀಟಿ ಕೊಟ್ಟರು. ಬೀಗತಿ ಹೊರಗ ಬಂದು, "ನಮ್ಮ ನಾದಿನಿಗೂ ಹಿಂಗೇ ಆಗಿತ್ತ್ರೀ" ಅಂದ್ರು. ಅಷ್ಟು ವರ್ಷ ಅವರೂ ಮುಚ್ಚಿಟ್ಟಿದ್ದರು.

ಹೆರಿಗಿ ಆತು, ಹುಡುಗಿಗೆ ಏನೂ ಆಗಲಿಲ್ಲ. ಆದ್ರೂ ಮೊದಲ ಹದಿನೈದು ದಿನ ಅಕಿಗೆ ನಿದ್ದಿ ಆಗಬೇಕು ಅಂತ ರಾತ್ರಿ ಕೂಸನ್ನ ನೋಡಿಕೊಂಡಾಕಿ ನಮ್ಮ ಮೌಶಿ. ಹಾಲಿಗೆ ಮಾತ್ರ ಎಬ್ಬಸತಿದ್ದಳು. ಉಳಿದ ಹೊತ್ತು ಕೂಸು ಅಕಿ ತೊಡಿ ಮ್ಯಾಲೆ. ತನ್ನ ಕೂಸನ್ನ ಮೂರು ತಿಂಗಳು ಎತ್ತಿಕೊಳ್ಳದಾಕಿ.

ನಿಮ್ಮ ಮನಿಯೊಳಗ ಯಾರಿಗರೆ ಹಿಂಗ ಆಗಿದ್ರ, ಮಗಳ ಹೆರಿಗಿಗೆ ಮೊದಲೇ ಡಾಕ್ಟರಿಗೆ ಹೇಳ್ರಿ. ಬಾಣಂತಿ ನೋಡಲಿಕ್ಕೆ ಹೋದಾಗ ಕೂಸು ಯಾರಂಗ ಅದ ಅಂತ ಕೇಳೋಕಿಂತ ಮೊದಲು, "ರಾತ್ರಿ ನಿದ್ದಿ ಬಂತೇನವಾ?" ಅಂತ ಆ ತಾಯಿಗೆ ಕೇಳ್ರಿ.