ಕೆಳಹಂತದ ಫುಟ್‌ಬಾಲ್ ಕ್ಲಬ್‌ಗಳ ಟಿಕೆಟ್ ದರ ನಿಗದಿ (ಇಂಗ್ಲೆಂಡ್)

ಕೆಳಹಂತದ ಫುಟ್‌ಬಾಲ್ ಕ್ಲಬ್‌ಗಳ ಟಿಕೆಟ್ ದರ ನಿಗದಿ ಎಂದರೆ ಫುಟ್‌ಬಾಲ್‌ನ ಕೆಳಗಿನ ಶ್ರೇಣಿಗಳಲ್ಲಿ ಆಡುವ ಕ್ಲಬ್‌ಗಳು ತಮ್ಮ ತವರಿನ ಪಂದ್ಯಗಳಿಗೆ ಪ್ರವೇಶ ಶುಲ್ಕವನ್ನು ನಿರ್ಧರಿಸುವ ಕ್ರಮ. ಈ ಲೇಖನವು ಇಂಗ್ಲೆಂಡಿನ ಮೂರನೆಯ ಶ್ರೇಣಿ ಮತ್ತು ಅದಕ್ಕಿಂತ ಕೆಳಗಿನ ಕ್ಲಬ್‌ಗಳಿಗೆ ಸಂಬಂಧಿಸಿದೆ. ಪ್ರೀಮಿಯರ್ ಲೀಗ್‌ನ ಕ್ಲಬ್‌ಗಳಿಗೆ ದೂರದರ್ಶನ ಪ್ರಸಾರದ ಹಕ್ಕುಗಳಿಂದ ದೊಡ್ಡ ಮೊತ್ತ ದೊರೆಯುತ್ತದೆ. ಕೆಳಹಂತದ ಕ್ಲಬ್‌ಗಳಿಗೆ ಪಂದ್ಯದ ದಿನ ಮೈದಾನದಲ್ಲಿ ಸಂಗ್ರಹವಾಗುವ ಹಣವೇ ಮುಖ್ಯ ಆಧಾರಗಳಲ್ಲೊಂದು. ಆದ್ದರಿಂದ ಟಿಕೆಟ್ ದರದ ನಿರ್ಧಾರವು ಇಂತಹ ಕ್ಲಬ್‌ನ ಉಳಿವಿಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಹಿನ್ನೆಲೆ

1888ರಲ್ಲಿ 12 ಕ್ಲಬ್‌ಗಳೊಂದಿಗೆ ಆರಂಭವಾದ ಫುಟ್‌ಬಾಲ್ ಲೀಗ್, 1890ರಲ್ಲಿ ಕನಿಷ್ಠ ಪ್ರವೇಶ ಶುಲ್ಕವನ್ನು 6 ಪೆನ್ಸ್ ಎಂದು ಗೊತ್ತುಪಡಿಸಿತು. ನೆರೆಹೊರೆಯ ಕ್ಲಬ್‌ಗಳು ದರ ಇಳಿಸಿ ಪರಸ್ಪರರ ಪ್ರೇಕ್ಷಕರನ್ನು ಸೆಳೆಯುವುದನ್ನು ಇದು ತಡೆಯಿತು. ಲೀಗ್ ಪಂದ್ಯಗಳ ಸಂಗ್ರಹದಲ್ಲಿ ಒಂದು ಪಾಲನ್ನು ಪ್ರವಾಸಿ ಕ್ಲಬ್‌ಗೆ ಕೊಡುವ ಪದ್ಧತಿಯೂ ಬಹುಕಾಲ ಜಾರಿಯಲ್ಲಿತ್ತು. 1983ರಲ್ಲಿ ಈ ಪದ್ಧತಿ ಕೊನೆಗೊಂಡು, ಲೀಗ್ ಪಂದ್ಯದ ಪೂರ್ಣ ಸಂಗ್ರಹವು ಆತಿಥೇಯ ಕ್ಲಬ್‌ನದಾಯಿತು. ದೊಡ್ಡ ಮೈದಾನಗಳಲ್ಲಿ ಆಡಿದಾಗ ಸಣ್ಣ ಕ್ಲಬ್‌ಗಳಿಗೆ ಬರುತ್ತಿದ್ದ ಪಾಲು ಇದರಿಂದ ನಿಂತುಹೋಯಿತು. ಅವು ತಮ್ಮ ತವರಿನ ಪ್ರೇಕ್ಷಕರನ್ನು ಇನ್ನಷ್ಟು ಅವಲಂಬಿಸಬೇಕಾಯಿತು.

1989ರ ಹಿಲ್ಸ್‌ಬರೊ ದುರಂತದ ನಂತರ ಪ್ರಕಟವಾದ ಟೇಲರ್ ವರದಿಯ ಪರಿಣಾಮವಾಗಿ ಮೊದಲ ಎರಡು ಶ್ರೇಣಿಗಳ ಕ್ರೀಡಾಂಗಣಗಳಲ್ಲಿ ಪ್ರತಿಯೊಬ್ಬ ಪ್ರೇಕ್ಷಕನಿಗೂ ಆಸನ ಒದಗಿಸುವುದು ಕಡ್ಡಾಯವಾಯಿತು. ಕೆಳಗಿನ ಶ್ರೇಣಿಗಳ ಹಲವು ಮೈದಾನಗಳಲ್ಲಿ ನಿಂತು ನೋಡುವ ಕಟ್ಟೆಗಳು ಉಳಿದುಕೊಂಡಿವೆ. ಅಲ್ಲಿನ ಪ್ರವೇಶ ಶುಲ್ಕ ಸಾಮಾನ್ಯವಾಗಿ ಆಸನದ ದರಕ್ಕಿಂತ ಕಡಿಮೆ.

ಲೀಗ್ ರಚನೆ ಮತ್ತು ಆದಾಯ

20 ಕ್ಲಬ್‌ಗಳ ಪ್ರೀಮಿಯರ್ ಲೀಗ್‌ನ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್ ಮತ್ತು ಲೀಗ್ ಟು ಎಂಬ ಮೂರು ವಿಭಾಗಗಳಿವೆ. ಇವುಗಳ 72 ಕ್ಲಬ್‌ಗಳು ಇಂಗ್ಲಿಷ್ ಫುಟ್‌ಬಾಲ್ ಲೀಗ್‌ಗೆ (ಇಎಫ್‌ಎಲ್) ಸೇರಿವೆ. ಐದನೆಯ ಶ್ರೇಣಿ ನ್ಯಾಷನಲ್ ಲೀಗ್; ಆರನೆಯದು ಅದರ ಉತ್ತರ ಮತ್ತು ದಕ್ಷಿಣ ವಿಭಾಗಗಳು. ಕೆಳಗಿಳಿದಂತೆ ಪ್ರಸಾರದ ಹಣ ಕಡಿಮೆಯಾಗುತ್ತ, ಒಟ್ಟು ಆದಾಯದಲ್ಲಿ ಗೇಟ್ ಸಂಗ್ರಹದ ಪಾಲು ಹೆಚ್ಚುತ್ತದೆ.

ಈ ಅವಲಂಬನೆಯು ಕೋವಿಡ್-19ರ ಕಾಲದಲ್ಲಿ ಸ್ಪಷ್ಟವಾಗಿ ಕಂಡುಬಂದಿತು. ಪ್ರೀಮಿಯರ್ ಲೀಗ್ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯಗಳನ್ನು ಮುಂದುವರಿಸಿತು. ಪ್ರೇಕ್ಷಕರಿಲ್ಲದೆ ಖರ್ಚು ತೂಗಿಸಲಾಗದ ಆರನೆಯ ಶ್ರೇಣಿಯಲ್ಲಿ 2020–21ರ ಋತುವನ್ನು ಫೆಬ್ರವರಿ 2021ರಲ್ಲಿ ಅರ್ಧಕ್ಕೇ ರದ್ದುಗೊಳಿಸಲಾಯಿತು. ಅದಕ್ಕೂ ಮೊದಲು, ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿದ ಬರಿ ಕ್ಲಬ್ಬನ್ನು ಆಗಸ್ಟ್ 2019ರಲ್ಲಿ ಇಎಫ್‌ಎಲ್‌ನಿಂದ ಹೊರಹಾಕಲಾಗಿತ್ತು. 2020ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ ನ್ಯಾಯಾಲಯದ ಆದೇಶದಂತೆ ಮುಚ್ಚಲ್ಪಟ್ಟಿತು. ಇವುಗಳ ಪತನಕ್ಕೆ ಟಿಕೆಟ್ ದರ ಕಾರಣವಾಗಿರಲಿಲ್ಲ. ಆದರೂ ಸಣ್ಣ ಕ್ಲಬ್‌ಗಳ ಆರ್ಥಿಕ ಸ್ಥಿತಿ ಎಷ್ಟು ದುರ್ಬಲವೆಂಬುದನ್ನು ಈ ಪ್ರಕರಣಗಳು ತೋರಿಸುತ್ತವೆ.

ದರವನ್ನು ನಿರ್ಧರಿಸುವ ಅಂಶಗಳು

* ಖಾಲಿ ಉಳಿಯುವ ಸ್ಥಳ: ಕೆಳಹಂತದ ಮೈದಾನಗಳು ತುಂಬುವುದು ಅಪರೂಪ. ಮೈದಾನದ ನಿರ್ವಹಣೆ, ವೇತನ, ದೀಪಗಳ ವಿದ್ಯುತ್ ಮುಂತಾದ ಖರ್ಚುಗಳು ಪ್ರೇಕ್ಷಕರ ಸಂಖ್ಯೆ ಏನೇ ಇದ್ದರೂ ಇರುತ್ತವೆ. ಆದ್ದರಿಂದ ಹೆಚ್ಚುವರಿಯಾಗಿ ಬರುವ ಒಬ್ಬ ಪ್ರೇಕ್ಷಕನಿಂದ ಕ್ಲಬ್‌ಗೆ ಆಗುವ ಹೊಸ ಖರ್ಚು ಅತ್ಯಲ್ಪ.
* ತೆರಿಗೆ: ವೃತ್ತಿಪರ ಕ್ಲಬ್‌ಗಳ ಟಿಕೆಟ್‌ಗಳ ಮೇಲೆ ಶೇ. 20ರಷ್ಟು ಮೌಲ್ಯವರ್ಧಿತ ತೆರಿಗೆ (ವ್ಯಾಟ್) ಇದೆ. 18 ಪೌಂಡ್‌ಗಳ ಟಿಕೆಟ್‌ನಿಂದ ಕ್ಲಬ್‌ಗೆ ಉಳಿಯುವುದು 15 ಪೌಂಡ್.
* ಇತರ ಮಾರಾಟ: ತಿಂಡಿ, ಪಾನೀಯ, ಪಂದ್ಯದ ಕಿರುಹೊತ್ತಗೆ ಮತ್ತು ವಾಹನ ನಿಲುಗಡೆಯಿಂದ ಬರುವ ಲಾಭವು ಟಿಕೆಟ್ ದರಕ್ಕಿಂತ ಹೆಚ್ಚಾಗಿ ಬಂದವರ ಸಂಖ್ಯೆಯನ್ನು ಅವಲಂಬಿಸುತ್ತದೆ.
* ಪ್ರೇಕ್ಷಕರ ನಿಷ್ಠೆ: ಕಾಯಂ ಅಭಿಮಾನಿಗಳು ದರ ಏರಿದರೂ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಅರ್ಥಶಾಸ್ತ್ರದ ಹಲವು ಅಧ್ಯಯನಗಳು ಫುಟ್‌ಬಾಲ್ ಪ್ರವೇಶದ ಬೇಡಿಕೆ ಕಡಿಮೆ ಸ್ಥಿತಿಸ್ಥಾಪಕವೆಂದು ಕಂಡುಕೊಂಡಿವೆ. ಆದರೆ ಅಪರೂಪಕ್ಕೆ ಬರುವವರು ಮತ್ತು ಮಕ್ಕಳಿರುವ ಕುಟುಂಬಗಳು ದರಕ್ಕೆ ಹೆಚ್ಚು ಸ್ಪಂದಿಸುತ್ತಾರೆ.
* ಸ್ಪರ್ಧೆ: ಹತ್ತಿರದ ದೊಡ್ಡ ಕ್ಲಬ್‌ಗಳು ಮತ್ತು ದೂರದರ್ಶನದ ನೇರಪ್ರಸಾರ ಮುಖ್ಯ ಸ್ಪರ್ಧಿಗಳು. ಕೆಳಹಂತದ ಹಾಜರಾತಿಯನ್ನು ರಕ್ಷಿಸಲು, ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳ ನೇರಪ್ರಸಾರಕ್ಕೆ ನಿರ್ಬಂಧವಿದೆ.

ದರ ಬದಲಾವಣೆಯ ಲೆಕ್ಕಾಚಾರ

ದರ ಇಳಿಸಿದಾಗ ನಷ್ಟವಾಗದಿರಲು ಎಷ್ಟು ಹೆಚ್ಚುವರಿ ಪ್ರೇಕ್ಷಕರು ಬೇಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 18 ಪೌಂಡ್ ದರದಲ್ಲಿ 1,000 ಮಂದಿ ಬರುವ ಕ್ಲಬ್‌ಗೆ ತೆರಿಗೆಯ ನಂತರ 15,000 ಪೌಂಡ್ ದೊರೆಯುತ್ತದೆ. ದರವನ್ನು 12 ಪೌಂಡ್‌ಗೆ ಇಳಿಸಿದರೆ ಪ್ರತಿ ಟಿಕೆಟ್‌ನಿಂದ ಉಳಿಯುವುದು 10 ಪೌಂಡ್. ಅಷ್ಟೇ ಹಣ ಬರಲು 1,500 ಮಂದಿ ಬೇಕು. ಪ್ರತಿ ಪ್ರೇಕ್ಷಕನ ಇತರ ಖರೀದಿಗಳಿಂದ 2 ಪೌಂಡ್ ಲಾಭವಿದ್ದರೆ ಸುಮಾರು 1,417 ಮಂದಿ ಸಾಕು. ಅಂದರೆ ದರವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿದಾಗ ಹಾಜರಾತಿಯು ಶೇ. 40ಕ್ಕಿಂತ ಹೆಚ್ಚು ಏರಬೇಕಾಗುತ್ತದೆ.

ಇದೇ ಕ್ಲಬ್ ದರವನ್ನು 24 ಪೌಂಡ್‌ಗೆ ಏರಿಸಿದರೆ ಸುಮಾರು 773 ಮಂದಿ ಉಳಿದರೂ ಆ ದಿನದ ಆದಾಯ ಕುಗ್ಗುವುದಿಲ್ಲ. ಒಂದೇ ಪಂದ್ಯದ ಲೆಕ್ಕದಲ್ಲಿ ಏರಿಕೆಯೇ ಲಾಭದಾಯಕವೆಂದು ತೋರುವುದಕ್ಕೆ ಇದು ಕಾರಣ. ಆದರೆ ಬಿಟ್ಟುಹೋದ 227 ಮಂದಿಯಲ್ಲಿ ಎಷ್ಟು ಜನ ಮರಳಿ ಬರುತ್ತಾರೆ, ಅವರೊಂದಿಗೆ ಬರುತ್ತಿದ್ದ ಮಕ್ಕಳು ಮುಂದೆ ಯಾವ ಕ್ಲಬ್ಬಿನ ಅಭಿಮಾನಿಗಳಾಗುತ್ತಾರೆ ಎಂಬುದು ಈ ಲೆಕ್ಕದಲ್ಲಿ ಸೇರುವುದಿಲ್ಲ. ಪಂದ್ಯಕ್ಕೆ ಹೋಗುವುದು ಬಹುಮಟ್ಟಿಗೆ ರೂಢಿಯಿಂದ ಬೆಳೆಯುವ ಹವ್ಯಾಸವಾದುದರಿಂದ, ದರದ ಪರಿಣಾಮವನ್ನು ಹಲವು ಋತುಗಳ ಅವಧಿಯಲ್ಲಿ ಅಳೆಯಬೇಕಾಗುತ್ತದೆ.

ಪ್ರಚಲಿತ ದರ ಪದ್ಧತಿಗಳು

*ಸೀಸನ್ ಟಿಕೆಟ್:* 24 ತಂಡಗಳ ವಿಭಾಗದಲ್ಲಿ ಪ್ರತಿ ಕ್ಲಬ್‌ಗೆ ತವರಿನಲ್ಲಿ 23 ಲೀಗ್ ಪಂದ್ಯಗಳಿರುತ್ತವೆ. ಅವೆಲ್ಲಕ್ಕೂ ಒಟ್ಟಾಗಿ ರಿಯಾಯಿತಿ ದರದ ಟಿಕೆಟ್ ಮಾರುವುದರಿಂದ, ಪಂದ್ಯಗಳಿಲ್ಲದ ಬೇಸಿಗೆಯಲ್ಲಿ ಕ್ಲಬ್‌ಗೆ ಮುಂಗಡ ಹಣ ದೊರೆಯುತ್ತದೆ. ಮಳೆ, ಸೋಲು ಮೊದಲಾದ ಕಾರಣಗಳಿಂದಾಗುವ ಆದಾಯದ ಏರಿಳಿತವೂ ಕಡಿಮೆಯಾಗುತ್ತದೆ. ಬಿಡಿ ಟಿಕೆಟ್‌ನ ದರವನ್ನು ತೀರ ಇಳಿಸಿದರೆ ಸೀಸನ್ ಟಿಕೆಟ್ ಕೊಂಡವರಿಗೆ ಅನ್ಯಾಯವಾದಂತೆ ತೋರುವುದರಿಂದ, ಎರಡೂ ದರಗಳನ್ನು ಒಟ್ಟಿಗೆ ನಿಗದಿಪಡಿಸುವುದು ವಾಡಿಕೆ.

*ರಿಯಾಯಿತಿ ದರ:* ಹಿರಿಯರು, ವಿದ್ಯಾರ್ಥಿಗಳು ಮತ್ತು ಮಕ್ಕಳಿಗೆ ಕಡಿಮೆ ದರವಿರುತ್ತದೆ. ದೊಡ್ಡವರ ಜೊತೆ ಬರುವ ಚಿಕ್ಕ ಮಕ್ಕಳಿಗೆ ಹಲವು ಕ್ಲಬ್‌ಗಳಲ್ಲಿ ಪ್ರವೇಶ ಉಚಿತ.

*ಮುಂಗಡ ದರ ಮತ್ತು ವರ್ಗೀಕರಣ:* ಮುಂಚಿತವಾಗಿ ಕೊಂಡವರಿಗೆ ಕಡಿಮೆ ದರ, ಪಂದ್ಯದ ದಿನ ಕೊಳ್ಳುವವರಿಗೆ ಹೆಚ್ಚು ದರ ವಿಧಿಸುವ ಪದ್ಧತಿಯಿದೆ. ನೆರೆಯ ಎದುರಾಳಿಗಳ ಪಂದ್ಯಗಳಿಗೆ ಹೆಚ್ಚಿನ ದರ ವಿಧಿಸುವುದೂ ಉಂಟು.

*ಇಷ್ಟವಿದ್ದಷ್ಟು ಪಾವತಿ:* ಪ್ರೇಕ್ಷಕರು ತಮ್ಮ ಶಕ್ತಿಗೆ ತಕ್ಕಷ್ಟು ಹಣ ಕೊಡುವ ಪದ್ಧತಿ. 2010ರಲ್ಲಿ ಆರಂಭವಾದ ನಾನ್-ಲೀಗ್ ಡೇ ದಿನದಂದು ಕೆಲವು ಕ್ಲಬ್‌ಗಳು ಇದನ್ನು ಅನುಸರಿಸುತ್ತವೆ.

ಕೆಲವು ಪ್ರಯೋಗಗಳು

ಬ್ರಾಡ್‌ಫರ್ಡ್ ಸಿಟಿ 1999ರಿಂದ 2001ರವರೆಗೆ ಪ್ರೀಮಿಯರ್ ಲೀಗ್‌ನಲ್ಲಿದ್ದು, 2007ರಲ್ಲಿ ಲೀಗ್ ಟುಗೆ ಕುಸಿಯಿತು. ಸುಮಾರು 25,000 ಸಾಮರ್ಥ್ಯದ ಅದರ ಕ್ರೀಡಾಂಗಣ ಆ ಶ್ರೇಣಿಗೆ ಬಹಳ ದೊಡ್ಡದಾಗಿತ್ತು. 2007–08ರ ಋತುವಿಗೆ ಕ್ಲಬ್ 138 ಪೌಂಡ್‌ಗಳ ಸೀಸನ್ ಟಿಕೆಟ್ ಪ್ರಕಟಿಸಿತು. ಪ್ರತಿ ಪಂದ್ಯಕ್ಕೆ ಇದು 6 ಪೌಂಡ್ ಆಗುತ್ತಿತ್ತು. ಆ ಋತುವಿನಲ್ಲಿ ಸರಾಸರಿ ಹಾಜರಾತಿ 13,000 ದಾಟಿತು. ಈ ಶ್ರೇಣಿಯಿಂದ ಮೇಲೇರಲು ತಂಡಕ್ಕೆ 2013ರವರೆಗೆ ಸಾಧ್ಯವಾಗದಿದ್ದರೂ ಕ್ಲಬ್ ಅಗ್ಗದ ದರದ ನೀತಿಯನ್ನು ಕೈಬಿಡಲಿಲ್ಲ. 2015–16ರಲ್ಲಿ ದರ 149 ಪೌಂಡ್ ಆಗಿತ್ತು.

ಐದನೆಯ ಶ್ರೇಣಿಯಲ್ಲಿದ್ದ ಮ್ಯಾನ್ಸ್‌ಫೀಲ್ಡ್ ಟೌನ್, ಫೆಬ್ರವರಿ 2010ರಲ್ಲಿ ಗೇಟ್ಸ್‌ಹೆಡ್ ವಿರುದ್ಧದ ಪಂದ್ಯಕ್ಕೆ ಇಷ್ಟವಿದ್ದಷ್ಟು ಪಾವತಿಸುವ ಅವಕಾಶ ನೀಡಿತು. 7,000ಕ್ಕೂ ಹೆಚ್ಚು ಜನ ಬಂದರು. ಇದು ಕ್ಲಬ್‌ನ ಸಾಮಾನ್ಯ ಹಾಜರಾತಿಗಿಂತ ಬಹಳ ಹೆಚ್ಚು. ಅಭಿಮಾನಿಗಳ ಒಡೆತನದ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಮತ್ತು ಸ್ಕಾಟ್ಲೆಂಡಿನ ಆಲ್ಬಿಯನ್ ರೋವರ್ಸ್ ಕ್ಲಬ್‌ಗಳು ಇದೇ ತತ್ತ್ವವನ್ನು ಸೀಸನ್ ಟಿಕೆಟ್‌ಗೂ ಅನ್ವಯಿಸಿದವು.

ನಿಯಮಗಳು

ಇಎಫ್‌ಎಲ್ ನಿಯಮಗಳ ಪ್ರಕಾರ, ಸಮಾನ ಸೌಲಭ್ಯದ ಸ್ಥಳಕ್ಕೆ ಪ್ರವಾಸಿ ಅಭಿಮಾನಿಗಳಿಂದ ತವರಿನ ಅಭಿಮಾನಿಗಳಿಗಿಂತ ಹೆಚ್ಚು ದರ ಪಡೆಯುವಂತಿಲ್ಲ. ಪ್ರೀಮಿಯರ್ ಲೀಗ್ 2016–17ರಿಂದ ಪ್ರವಾಸಿ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿಯನ್ನು ಜಾರಿಗೆ ತಂದಿತು. ಎಫ್‌ಎ ಕಪ್ ಪಂದ್ಯಗಳಲ್ಲಿ ಖರ್ಚು ಕಳೆದ ಸಂಗ್ರಹವನ್ನು ಎರಡೂ ಕ್ಲಬ್‌ಗಳು ಹಂಚಿಕೊಳ್ಳುವುದರಿಂದ ದರದ ಬಗ್ಗೆ ಪರಸ್ಪರ ಒಪ್ಪಿಗೆ ಬೇಕಾಗುತ್ತದೆ. 2025ರ ಫುಟ್‌ಬಾಲ್ ಆಡಳಿತ ಕಾಯ್ದೆಯು ಮೊದಲ ಐದು ಶ್ರೇಣಿಗಳ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆಯನ್ನು ಸ್ಥಾಪಿಸಿದ್ದು, ಕ್ಲಬ್‌ಗಳು ಟಿಕೆಟ್ ದರದ ವಿಷಯದಲ್ಲಿ ಅಭಿಮಾನಿಗಳೊಂದಿಗೆ ಸಮಾಲೋಚಿಸಬೇಕೆಂದು ಅಪೇಕ್ಷಿಸುತ್ತದೆ.

ಪರ ಮತ್ತು ವಿರೋಧ ವಾದಗಳು

ಖಾಲಿ ಆಸನದಿಂದ ಯಾವ ಆದಾಯವೂ ಇಲ್ಲ, ತುಂಬಿದ ಮೈದಾನವು ಆಟಗಾರರಿಗೂ ಪ್ರಾಯೋಜಕರಿಗೂ ಉತ್ತೇಜನ ನೀಡುತ್ತದೆ ಎಂಬುದು ಕಡಿಮೆ ದರದ ಪರವಾದ ವಾದ. ಒಮ್ಮೆ ಇಳಿಸಿದ ದರವನ್ನು ಮತ್ತೆ ಏರಿಸುವುದು ಕಷ್ಟ, ಹೆಚ್ಚು ಹಣ ಕೊಡಲು ಸಿದ್ಧರಿದ್ದ ಕಾಯಂ ಅಭಿಮಾನಿಗಳಿಂದ ಬರುತ್ತಿದ್ದ ಆದಾಯವೂ ಕೈತಪ್ಪುತ್ತದೆ ಎಂಬುದು ವಿರೋಧದ ವಾದ. ಬ್ರಾಡ್‌ಫರ್ಡ್‌ನಂತೆ ದೊಡ್ಡ ನಗರ ಮತ್ತು ದೊಡ್ಡ ಕ್ರೀಡಾಂಗಣ ಹೊಂದಿರುವ ಕ್ಲಬ್‌ಗೆ ಹೊಂದುವ ನೀತಿಯು, ಸುತ್ತಲಿನ ಜನಸಂಖ್ಯೆಯೇ ಕಡಿಮೆಯಿರುವ ಸಣ್ಣ ಪಟ್ಟಣದ ಕ್ಲಬ್‌ಗೆ ಹೊಂದಬೇಕಾಗಿಲ್ಲ. ಆದ್ದರಿಂದ ಕಾಯಂ ಪ್ರೇಕ್ಷಕರಿಗೆ ಸ್ಥಿರವಾದ ದರವನ್ನು ಉಳಿಸಿಕೊಂಡು, ಮಕ್ಕಳು ಮತ್ತು ಹೊಸಬರಿಗೆ ಮಾತ್ರ ಗಣನೀಯ ರಿಯಾಯಿತಿ ನೀಡುವ ಮಧ್ಯಮ ಮಾರ್ಗವನ್ನು ಅನೇಕ ಕ್ಲಬ್‌ಗಳು ಅನುಸರಿಸುತ್ತವೆ.

ಇದನ್ನೂ ನೋಡಿ

* ಇಂಗ್ಲಿಷ್ ಫುಟ್‌ಬಾಲ್ ಲೀಗ್
* ನ್ಯಾಷನಲ್ ಲೀಗ್
* ಎಫ್‌ಎ ಕಪ್
* ಬೇಡಿಕೆಯ ಸ್ಥಿತಿಸ್ಥಾಪಕತ್ವ