ಮಂಜರಾಬಾದು ಸೀಮೆಯ ಗಾರೆಯ ಕೆಲಸ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಿರುವ ಈ ಸಂಸ್ಮರಣ ಗ್ರಂಥದಲ್ಲಿ ಗುರುಪರಂಪರೆ, ದಾಸೋಹ, ವಿದ್ಯಾದಾನ ಮೊದಲಾದ ಘನವಾದ ವಿಷಯಗಳನ್ನು ಕುರಿತು ಬಲ್ಲವರು ಬರೆದಿರುವರು. ಅವುಗಳ ನಡುವೆ ಗೋಡೆಗೆ ಬಳಿಯುವ ಗಾರೆಯನ್ನು ಕುರಿತು ಬರೆಯುವುದು ಕೆಲವರಿಗೆ ಅಲ್ಪವಾದ ಕೆಲಸವೆಂದು ತೋರಬಹುದು. ಆದರೆ ಮಠಕ್ಕೆ ಬಂದ ಸದ್ಭಕ್ತನ ಹಣೆ ಮೊದಲು ಮುಟ್ಟುವುದು ನೆಲವನ್ನು. ಪ್ರಸಾದವಾದ ಮೇಲೆ ಅವನ ಬೆನ್ನು ಒರಗುವುದು ಗೋಡೆಯನ್ನು. ಆ ನೆಲವನ್ನೂ ಆ ಗೋಡೆಯನ್ನೂ ನುಣುಪುಗೊಳಿಸಿದ ಕೈಗಳಿಗೆ ಯಾವ ಶಾಸನದಲ್ಲಿಯೂ ಹೆಸರಿಲ್ಲ. ಅಂತಹ ಗೋಡೆಗಳನ್ನು ಉಳಿಸಿಕೊಳ್ಳಬೇಕೆ, ಹೊಸ ಲೇಪದಿಂದ ಮುಚ್ಚಿಬಿಡಬೇಕೆ ಎಂಬ ಪ್ರಶ್ನೆ ಈಗ ಸಕಲೇಶಪುರ, ಆಲೂರು ಬೆಟ್ಟಸೀಮೆಯ ಹಳೆಯ ಕಟ್ಟಡಗಳ ಮುಂದೆಲ್ಲ ಬಂದು ನಿಂತಿದೆ. ಆದಕಾರಣ ಈ ಕೆಲಸದ ಚರಿತ್ರೆಯನ್ನು ಸಂಕ್ಷೇಪವಾಗಿ ಅರಿಕೆಮಾಡುವುದು ಉಚಿತವೆಂದು ಭಾವಿಸಿರುವೆನು.

ಮೊದಲು ಸೀಮೆಯ ಸ್ವಭಾವವನ್ನು ನೋಡೋಣ. ಆಲೂರಿನಿಂದ ಪಶ್ಚಿಮಕ್ಕೆ ಹೋದಂತೆ ಮೈದಾನವು ಮುಗಿದು ಮಲೆಯು ಏರುತ್ತದೆ. ಜ್ಯೇಷ್ಠದಲ್ಲಿ ಹಿಡಿದ ಮಳೆ ಭಾದ್ರಪದದವರೆಗೆ ಬಿಡುವುದಿಲ್ಲ. ಅನಂತರ ಮಂಜು, ಇಬ್ಬನಿ. ಇಂತಹ ನಾಡಿನಲ್ಲಿ ಗೋಡೆಗೆ ಶತ್ರುವೆಂದರೆ ನೀರು. ನಮ್ಮ ಪೂರ್ವಿಕರು ಮಣ್ಣಿನ ಗೋಡೆಯನ್ನು ದಪ್ಪವಾಗಿ ಹಾಕಿ, ಸೂರನ್ನು ಬಹು ಮುಂದಕ್ಕೆ ಚಾಚಿ, ಗೋಡೆಯ ಮೈಗೆ ಕೆಮ್ಮಣ್ಣನ್ನು ಬಳಿದು, ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದರು. ಹೆಂಗಸರು ಅಂಗೈಯಿಂದ ಬೀಸಿ ಎಳೆದ ಆ ಸಾರಣೆಯಲ್ಲಿ ಸಂದು ಕಾಣುತ್ತಿರಲಿಲ್ಲ. ಹಬ್ಬಹಬ್ಬಕ್ಕೂ ಅದನ್ನು ಹೊಸದಾಗಿ ಮಾಡಬೇಕಾಗಿದ್ದುದು ನಿಜ. ಆದರೆ ಗೋಡೆಯೊಳಗೆ ಹೊಕ್ಕ ತೇವವು ಹೊರಗೆ ಹೋಗುವುದಕ್ಕೆ ಅದರಿಂದ ಅಡ್ಡಿಯಿರಲಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದಕ್ಕೆಲ್ಲ ಇದೇ ಆಧಾರ.

ಸುಣ್ಣದ ಗಾರೆಯು ಮಣ್ಣಿನ ಸಾರಣೆಗಿಂತ ಒಂದು ಮೆಟ್ಟಿಲು ಮೇಲಿನ ವಿದ್ಯೆ. ಸಂಸ್ಕೃತದಲ್ಲಿ ಇದಕ್ಕೆ ಸುಧೆಯೆಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಗಟ್ಟಿ ಅಂಟಿನ ಪಾಕವನ್ನು ವಿವರಿಸಿರುವನು. ನಮಗೆ ಇನ್ನೂ ಸಮೀಪವಾದ ಪ್ರಮಾಣವು ಕಲ್ಯಾಣದಲ್ಲಿಯೇ ದೊರೆಯುತ್ತದೆ. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರ ಬರೆಯತಕ್ಕ ಗೋಡೆಯನ್ನು ಸುಧೆಯಿಂದ ನುಣುಪುಮಾಡಿ, ಎಮ್ಮೆಯ ಚರ್ಮವನ್ನು ಕುದಿಸಿ ತೆಗೆದ ವಜ್ರಲೇಪವನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಮತ್ತೆ ಮತ್ತೆ ಬಳಿಯಬೇಕೆಂದು ವಿಧಿಸಿರುವನು. ಇದಾದ ಕೆಲವು ದಶಕಗಳಲ್ಲಿಯೇ ಅದೇ ಕಲ್ಯಾಣದಲ್ಲಿ ಶರಣರು ನೆರೆದರು. ಕೈಯ ಕೆಲಸವನ್ನು ಕಾಯಕವೆಂದು ಕರೆದು, ಮಡಿವಾಳ ಮಾಚಯ್ಯನನ್ನೂ ನುಲಿಯ ಚಂದಯ್ಯನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದರು. ಅರಸನ ಗ್ರಂಥವು ಗಾರೆಯ ಪಾಕವನ್ನು ಉಳಿಸಿತು. ಗಾರೆಯವನ ಮಾನವನ್ನು ಎತ್ತಿಹಿಡಿದವರು ಶರಣರು.

ಈಗ ನಮ್ಮ ಬೆಟ್ಟಗಳಿಗೆ ಬರೋಣ. ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ಸ್ವಲ್ಪ ದೂರದಲ್ಲಿ, ಸುಮಾರು ೩,೨೪೦ ಅಡಿ ಎತ್ತರದ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದಿನ ಕೋಟೆಯಿದೆ. ಘಟ್ಟದ ದಾರಿಯನ್ನು ಕಾಯುವುದಕ್ಕಾಗಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕೋಟೆ ೧೭೯೨ರಲ್ಲಿ ಮುಗಿಯಿತು. ಫ್ರೆಂಚರ ದುರ್ಗವಿದ್ಯೆಯನ್ನು ಅನುಸರಿಸಿ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿ ಇದನ್ನು ಕಟ್ಟಿರುವರು. ಹೊರಗೋಡೆಗೆ ಗಟ್ಟಿಗಲ್ಲು ಮತ್ತು ಸುಣ್ಣದ ಗಚ್ಚು. ಒಳಗಿನ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆ. ಮಧ್ಯದಲ್ಲಿ ಕೊಳವೂ ಅದರ ಬಳಿ ಮದ್ದನ್ನು ಶೇಖರಿಸುವ ನೆಲಮಾಳಿಗೆಗಳೂ ಇವೆ. ಮದ್ದಿಗೆ ತೇವ ತಗಲಿದರೆ ಅದು ಬೂದಿಗೆ ಸಮಾನ. ಆದುದರಿಂದ ಮಂಜೇ ಹೆಸರಾಗಿರುವ ಈ ಬೆಟ್ಟದಲ್ಲಿ ಮದ್ದಿನ ಮನೆಯನ್ನು ಕಟ್ಟುವವರು ಸುಣ್ಣವನ್ನು ನಂಬಿದ್ದರೆಂಬುದೇ ಆ ಗಾರೆಗೆ ಸಾಕಾದ ಪ್ರಶಂಸೆ. ಶ್ರೀರಂಗಪಟ್ಟಣದಲ್ಲಿ ೧೭೮೪ರಲ್ಲಿ ಎದ್ದ ದರಿಯಾದೌಲತ್ತಿನ ಗೋಡೆಗಳನ್ನು ತುಂಬಿರುವ ಚಿತ್ರಗಳು ನಿಂತಿರುವುದೂ ಇಂತಹ ಗಾರೆಯ ಮೈಮೇಲೆಯೇ.

ಈ ಕೆಲಸದ ಕ್ರಮವು ಎಂತೆಂದರೆ: ಬೆಟ್ಟಸೀಮೆಯಲ್ಲಿ ಸುಣ್ಣದ ಕಲ್ಲು ಅಪರೂಪ, ಬಯಲುಸೀಮೆಯ ಸುಣ್ಣದ ಹರಳು ಒಂದು ಮೂಲ, ಕರಾವಳಿಯ ಚಿಪ್ಪು ಮತ್ತೊಂದು. ಇವನ್ನು ಗೂಡಿನಲ್ಲಿ ಕೆಂಪಗೆ ಕಾಯುವಂತೆ ಸುಟ್ಟರೆ ಒಳಗಿದ್ದ ಇಂಗಾಲಾಮ್ಲ ವಾಯುವು ಹಾರಿಹೋಗುತ್ತದೆ. ಶುದ್ಧವಾದ ಕಲ್ಲು ೧೦೦ ಸೇರು ಇದ್ದರೆ ಉಳಿಯುವ ಸುಟ್ಟ ಸುಣ್ಣ ೫೬ ಸೇರು ಮಾತ್ರ. ಅದಕ್ಕೆ ನೀರೆರೆದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನ ಕೆಳಗೆ ವಾರಗಟ್ಟಲೆ ಕೊಳೆಹಾಕಬೇಕು. ಬಳಿಕ ಮರಳನ್ನೂ, ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನೂ ಸೇರಿಸಿ, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಅಳಲೆಕಾಯನ್ನೂ ಬೆಲ್ಲವನ್ನೂ ನೆನೆಹಾಕಿದ ನೀರನ್ನು ಬೆರೆಸುವುದು ದಕ್ಷಿಣದೇಶದಲ್ಲೆಲ್ಲ ಇದ್ದ ಪದ್ಧತಿ.

ಗೋಡೆಯನ್ನು ನೀರಿನಿಂದ ತೋಯಿಸಿ ಮೊದಲು ಒರಟು ಲೇಪ, ಅದು ಬಿಗಿದ ಮೇಲೆ ಸಣ್ಣ ಲೇಪ, ಕಡೆಯಲ್ಲಿ ಬೆಣ್ಣೆಯಂತೆ ಅರೆದ ಸುಣ್ಣದ ತೆಳುವಾದ ಲೇಪ. ಆಮೇಲೆ ಕರಣೆಯಿಂದಲೂ ನುಣುಪಾದ ಹೊಳೆಗಲ್ಲಿನಿಂದಲೂ ಮೆರುಗು ಬರುವವರೆಗೆ ಉಜ್ಜುವುದು. ಸಂದಿಲ್ಲದಂತೆ ಆಗುವ ಗುಟ್ಟು ಇಷ್ಟೇ: ಹಿಡಿದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಅದೇ ದಿನ ಮುಗಿಸಬೇಕು. ಒಬ್ಬನು ಬಿಟ್ಟ ಅಂಚು ಆರುವುದರೊಳಗೆ ಪಕ್ಕದವನು ಅದನ್ನು ಕೂಡಿಸಿಕೊಳ್ಳಬೇಕು. ಆದುದರಿಂದ ನಾಲ್ಕಾರು ಜನ ಸಾಲಾಗಿ ನಿಂತು ಒಂದೇ ಕೈಯಂತೆ ಕೆಲಸಮಾಡುವರು. ಒಬ್ಬನ ಕೈ ಸೋಮಾರಿಯಾದರೆ ಎಲ್ಲರ ಗೋಡೆಯೂ ಕೆಡುತ್ತದೆ. ಹೀಗೆ ಬಳಿದ ಸುಣ್ಣವು ಗಾಳಿಯಿಂದ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಮರಳಿ ಹೀರಿಕೊಂಡು ತಿಂಗಳುಗಳ, ವರ್ಷಗಳ ಅವಧಿಯಲ್ಲಿ ಮತ್ತೆ ಕಲ್ಲಾಗುತ್ತದೆ. ಇದು ನಮ್ಮವರಿಗೆ ಮಾತ್ರ ತಿಳಿದಿದ್ದ ವಿದ್ಯೆಯೂ ಅಲ್ಲ. ರೋಮಿನ ವಿಟ್ರೂವಿಯಸನು ಎರಡು ಸಾವಿರ ವರ್ಷಗಳ ಹಿಂದೆ ಮರಳುಗಾರೆಯ ಲೇಪಗಳ ಮೇಲೆ ಅಮೃತಶಿಲೆಯ ಪುಡಿಯ ಲೇಪಗಳನ್ನು ಕೊಡಬೇಕೆಂದು ಬರೆದಿರುವನು. ಮೊರಾಕ್ಕೊ ದೇಶದ ಮರಾಕೇಶಿನವರು ಸ್ನಾನಗೃಹದ ಸುಣ್ಣದ ಗೋಡೆಯನ್ನು ಹೊಳೆಗಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಸಾಬೂನನ್ನು ತಿಕ್ಕಿ ನೀರು ನಿಲ್ಲದಂತೆ ಮಾಡುವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಯ ರೂಪವೇ ಬದಲಾಯಿತು. ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲೇಯನು ಮಂಜರಾಬಾದಿನಲ್ಲಿ ಕಾಫಿಯ ತೋಟವನ್ನು ಹಾಕಿದನು, ಅವನ ಹಿಂದೆ ಇತರ ದೊರೆಗಳೂ ನಮ್ಮ ಒಕ್ಕಲುಗಳೂ ತೋಟಗಳನ್ನು ಬೆಳೆಸಿದರು, ಬಂಗಲೆಗಳು ಎದ್ದವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಕ್ರಮಕ್ರಮವಾಗಿ ಹುಲ್ಲಿನ ಸೂರು ಹೋಗಿ ಹೆಂಚು ಬಂದಿತು. ಇನ್ನೊಂದು ಕಡೆಯಿಂದ ಸಿಮೆಂಟು ಬಂದಿತು. ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್ಡಿನನು ೧೮೨೪ರಲ್ಲಿ ಹಕ್ಕುಪತ್ರ ಪಡೆದ ಈ ಪದಾರ್ಥವು ನಮ್ಮ ದೇಶದಲ್ಲಿ ೧೯೦೪ರಲ್ಲಿ ಮದರಾಸಿನಲ್ಲಿ ಮೊದಲು ತಯಾರಾಯಿತು. ಅನಂತರ ಭದ್ರಾವತಿಯಲ್ಲಿಯೂ ಆಗತೊಡಗಿತು. ಕಾವಿಬಣ್ಣವನ್ನು ಬೆರೆಸಿ ಕರಣೆಯಿಂದ ತಿಕ್ಕಿ, ಎಣ್ಣೆಯಿಂದ ಮೆರುಗು ಕೊಟ್ಟ ರೆಡಾಕ್ಸೈಡಿನ ನೆಲವು ಮಲೆನಾಡಿನ ಮನೆಮನೆಯಲ್ಲಿ ಹರಡಿದುದು ಈ ಕಾಲದಲ್ಲಿಯೇ. ಹಳೆಯ ಗಾರೆಯವನ ಕೈಯೂ ಹೊಸ ಪದಾರ್ಥವೂ ಅಲ್ಲಿ ಸ್ನೇಹದಿಂದ ಕೂಡಿದವೆಂದು ಹೇಳಬಹುದು.

ಸಿಮೆಂಟು ಬಂದ ಕೂಡಲೇ ಸುಣ್ಣವು ಸೋತಿತೆಂದು ತಿಳಿಯಬಾರದು. ಸಕಲೇಶಪುರವನ್ನು ಹಾದುಹೋಗುವ ನಮ್ಮ ಹೇಮಾವತಿಯು ಹೋಗಿ ಸೇರುವ ಕೃಷ್ಣರಾಜಸಾಗರವನ್ನೇ ನೋಡಿರಿ. ೧೯೧೧ರಲ್ಲಿ ಪ್ರಾರಂಭವಾದ ಆ ಮಹಾಸೇತುವೆಯನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದಲೇ ಕಟ್ಟಿದರು. ಅದೇ ಹೇಮಾವತಿಯ ದಂಡೆಯಲ್ಲಿ, ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ೧೮೬೦ರ ಸುಮಾರಿನಲ್ಲಿ ಕಟ್ಟಿಸಿದ ಇಗರ್ಜಿಯಿದೆ. ಅದರ ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಜನರು ಹೇಳುವರು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಂದಿನಿಂದ ಅದು ಮಳೆಗಾಲದಲ್ಲಿ ಮುಳುಗುವುದು, ಬೇಸಗೆಯಲ್ಲಿ ತೇಲುವುದು. ಛಾವಣಿ ಹೋಗಿದೆ, ಗಿಲಾವು ಬಹುಭಾಗ ಕಳಚಿದೆ. ಆದರೂ ದಶಕಗಳ ಕಾಲ ಗೋಡೆಗಳು ನೀರಿನಲ್ಲಿ ನಿಂತು ನೋಡುವವರನ್ನು ಬೆರಗುಗೊಳಿಸಿವೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಯ ಪೂಜೆಯ ಕೋಣೆಯ ಗೋಡೆ ಮಣ್ಣಿನದು. ಮೇಲೆ ಅಜ್ಜನ ಕಾಲದ ಸುಣ್ಣದ ಗಾರೆ. ಅಲ್ಲಲ್ಲಿ ಉದುರುತ್ತಿದ್ದುದನ್ನು ಕಂಡು, ಮನೆಯಲ್ಲಿ ಹಿರಿಯರು ಬೇಡವೆಂದರೂ ಕೇಳದೆ, ಗೋಡೆಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿದೆನು. ಮೊದಲ ವರ್ಷ ಕನ್ನಡಿಯಂತಿತ್ತು. ಎರಡನೆಯ ಮಳೆಗಾಲದಲ್ಲಿ ಮೊಣಕಾಲೆತ್ತರಕ್ಕೆ ಬಿಳಿಯ ಉಪ್ಪು ಹೂಬಿಟ್ಟಿತು; ಮೂರನೆಯ ವರ್ಷ ಸಿಮೆಂಟು ಹಲಗೆಯಂತೆ ಎದ್ದು ಬಿದ್ದಿತು. ಬೀಳುವಾಗ ಅಜ್ಜನ ಗಾರೆಯನ್ನೂ ಹಿಂದಿನ ಮಣ್ಣನ್ನೂ ಕೂಡ ಕಿತ್ತುಕೊಂಡೇ ಬಿದ್ದಿತು. ಕಾರಣವು ಆಮೇಲೆ ತಿಳಿಯಿತು. ಹಳೆಯ ಗೋಡೆಗೆ ತಳಪಾಯದಲ್ಲಿ ತೇವವನ್ನು ತಡೆಯುವ ಪದರವಿಲ್ಲ. ನೆಲದ ನೀರು ಗೋಡೆಯಲ್ಲಿ ಏರುವುದು ಸಹಜ. ಸುಣ್ಣದ ಗಾರೆಯು ಸೂಕ್ಷ್ಮ ರಂಧ್ರಗಳುಳ್ಳದ್ದಾದುದರಿಂದ ಆ ತೇವವು ಮೈಯಲ್ಲೆಲ್ಲ ಆರಿಹೋಗುವುದು. ಬಿಗಿಯಾದ ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುವುದು. ಇದಲ್ಲದೆ ಮಣ್ಣು, ಸುಣ್ಣಗಳು ಮೆತ್ತಗಿದ್ದು ಬಿಸಿಲುಮಳೆಗೆ ತುಸು ಬಾಗಿಕೊಡುವುವು. ಸಿಮೆಂಟು ಬಾಗದೆ ಸೀಳುವುದು. ನಾಲ್ಕು ತಲೆಮಾರು ಬಾಳಿದ ಗೋಡೆಯನ್ನು ಮೂರು ವರ್ಷದಲ್ಲಿ ಕೆಡಿಸಿದ ಪಶ್ಚಾತ್ತಾಪ ನನಗೆ ಇನ್ನೂ ಹೋಗಿಲ್ಲ.

ಈಚೆಗೆ ಮತ್ತೊಂದು ಹೊಸ ವಿಧಾನವು ಪಟ್ಟಣಗಳಲ್ಲಿ ಬಳಕೆಗೆ ಬಂದಿದೆ. ಅದಕ್ಕೆ ಮೈಕ್ರೊಸಿಮೆಂಟ್ ಎಂದು ಹೆಸರು. ಸಿಮೆಂಟು, ಅತಿ ಸಣ್ಣ ಮರಳು, ಪಾಲಿಮರ್ ಎಂಬ ಅಂಟು ಮತ್ತು ಬಣ್ಣವನ್ನು ಕೂಡಿಸಿ, ಕರಣೆಯಿಂದ ಹಲವು ಪದರಗಳಾಗಿ ಎಳೆದು, ಪ್ರತಿ ಪದರವನ್ನೂ ಉಜ್ಜಿ, ಕಡೆಯಲ್ಲಿ ನೀರು ಇಳಿಯದ ಒಂದು ಮೆರುಗನ್ನು ಹಚ್ಚುವರು. ಎಲ್ಲವೂ ಸೇರಿ ದಪ್ಪ ೨ ಅಥವಾ ೩ ಮಿಲಿಮೀಟರು. ನೆಲದಿಂದ ಗೋಡೆಗೆ ಸಂದಿಲ್ಲದೆ ಹರಿಯುವ ಇದರ ಸೊಬಗನ್ನು ಅಲ್ಲಗಳೆಯಲಾಗದು. ಕೈಚಳಕವೂ ತಾಳ್ಮೆಯೂ ಇಲ್ಲಿ ಬೇಕು. ಆ ಮಟ್ಟಿಗೆ ಇದು ಹಳೆಯ ಗಾರೆಯ ಕಾಯಕದ ಮಗುವೇ ಸರಿ. ಒಣಗಿದ, ಬಿರುಕಿಲ್ಲದ, ತೇವ ಏರದ ಹೊಸ ಕಟ್ಟಡದಲ್ಲಿ ಇದನ್ನು ಧಾರಾಳವಾಗಿ ಬಳಸಬಹುದು. ಆದರೆ ಮಲೆನಾಡಿನ ಹಳೆಯ ಮಣ್ಣುಗೋಡೆಗೂ ಸುಣ್ಣದ ಗೋಡೆಗೂ ಇದು ಸಲ್ಲದು. ಕೆಳಗಿನ ಗೋಡೆ ಬಿರಿದರೆ ಈ ತೆಳು ಪೊರೆಯೂ ಬಿರಿಯುವುದು. ತೇವಕ್ಕೆ ದಾರಿಯಿಲ್ಲದೆ ಗುಳ್ಳೆಯೇಳುವುದು. ನಮ್ಮ ಪೂಜೆಯ ಕೋಣೆಯ ಕಥೆ ಮತ್ತೊಮ್ಮೆ ನಡೆಯುವುದು.

ಮಹೋತ್ಸವವೆಂದರೆ ಜೀರ್ಣೋದ್ಧಾರದ ಕಾಲ. ಭಕ್ತರ ಕಾಣಿಕೆಯೂ ಉತ್ಸಾಹವೂ ಕೂಡಿಬಂದಾಗ ಹಳೆಯದೆಲ್ಲವನ್ನೂ ಹೊಳೆಯುವಂತೆ ಮಾಡಿಬಿಡೋಣವೆಂಬ ಆತುರ ಸಹಜವೇ. ಆದರೆ ಕೈಹಾಕುವ ಮೊದಲು ಮೂರು ಕೆಲಸಗಳನ್ನು ಮಾಡತಕ್ಕುದೆಂದು ಹಿರಿಯರಲ್ಲಿ ವಿಜ್ಞಾಪಿಸಿಕೊಳ್ಳುವೆನು. ಒಂದನೆಯದು, ಗೋಡೆಯ ಮರೆಯ ಮೂಲೆಯಲ್ಲಿ ಸ್ವಲ್ಪ ಕೆರೆದು ಒಳಗಿರುವುದು ಮಣ್ಣೋ ಸುಣ್ಣವೋ ಸಿಮೆಂಟೋ ಎಂಬುದನ್ನು ನೋಡುವುದು. ಎರಡನೆಯದು, ಸೂರಿನ ಸೋರಿಕೆಯನ್ನೂ ಗೋಡೆಯ ಬುಡದ ಚರಂಡಿಯನ್ನೂ ಮೊದಲು ಸರಿಪಡಿಸುವುದು. ನೀರಿನ ದಾರಿಯನ್ನು ತಿದ್ದದೆ ಬಳಿದ ಯಾವ ಲೇಪವೂ ನಿಲ್ಲದು. ಮೂರನೆಯದು, ಗೋಡೆ ಸುಣ್ಣದ್ದಾಗಿದ್ದರೆ ಸುಣ್ಣದಿಂದಲೇ ತೇಪೆ ಹಾಕಿಸುವುದು. ಅದನ್ನು ಬಲ್ಲ ಮುದುಕರು ಸಿಕ್ಕಿದರೆ ಅವರ ಪಕ್ಕದಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಕಲಿಸುವುದು.

ಈ ಮೂರನೆಯದೇ ಮುಖ್ಯ. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಮಣ್ಣಾದ ಕೈಯ ವಿದ್ಯೆಯನ್ನು ಎಬ್ಬಿಸಲಾಗದು. ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸಿಕೊಂಡು ಬಂದಿರುವ ಶ್ರೀಮಠಕ್ಕೆ ಈ ಹಳೆಯ ಕಾಯಕವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದು ಭಾರವಾಗದು. ಮುಂದಿನ ಮಹೋತ್ಸವಕ್ಕೆ ಬರುವ ನಮ್ಮ ಮೊಮ್ಮಕ್ಕಳು ಇದೇ ತಣ್ಣನೆಯ ಗೋಡೆಗೆ ಒರಗಿ ಪ್ರಸಾದವನ್ನು ಸ್ವೀಕರಿಸುವಂತಾಗಲಿ ಎಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುವೆನು.