ಐರಿಕ್ಸ್ ವ್ಯವಸ್ಥೆಯ ಉತ್ತರಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ಹುಟ್ಟನ್ನೂ ಏಳಿಗೆಯನ್ನೂ ವಿಸ್ತಾರವಾಗಿ ನಿರೂಪಿಸಿ, ತಯಾರಿಕೆ ನಿಂತ ದಿನಕ್ಕೆ ಗ್ರಂಥವನ್ನು ಮುಗಿಸುವುದು ವಾಡಿಕೆಯಾಗಿದೆ. ರಾಜವಂಶದ ಕೊನೆಯ ಅರಸನು ಮಡಿದೊಡನೆ ನಾಡಿನ ಚರಿತ್ರೆಯೇ ಮುಗಿಯಿತೆಂದು ಭಾವಿಸುವ ಹಳೆಯ ಪದ್ಧತಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಅರಸನು ಹೋದ ಮೇಲೂ ಒಕ್ಕಲು ಉಳಿಯುತ್ತದೆ. ಕೆರೆಯ ತೂಬನ್ನು ಎತ್ತುವವರು, ಏರಿಯ ಬಿರುಕನ್ನು ಮುಚ್ಚುವವರು ಉಳಿಯುತ್ತಾರೆ. ಅಂಥವರ ದುಡಿಮೆಯೂ ಚರಿತ್ರೆಯ ವಸ್ತುವೇ ಸರಿ. ಗಣಕಯಂತ್ರಗಳ ಚರಿತ್ರೆಯಲ್ಲಿ ಇಂಥದೇ ಒಂದು ಉತ್ತರಕಾಂಡವನ್ನು, ಎಂದರೆ ಐರಿಕ್ಸ್ ಎಂಬ ಯೂನಿಕ್ಸ್ ವ್ಯವಸ್ಥೆಯನ್ನು ಅದರ ತಯಾರಕರು ತೊರೆದ ಮೇಲೆ ಹವ್ಯಾಸಿಗಳು ಪೋಷಿಸಿದ ಬಗೆಯನ್ನು, ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಯೂನಿಕ್ಸಿನ ಮೂಲವನ್ನು ಸಂಕ್ಷೇಪವಾಗಿ ನೋಡಬಹುದು. ಗಣಕದ ಸ್ಮೃತಿ, ಕಡತಗಳು, ಬಳಕೆದಾರರು ಇವೆಲ್ಲವನ್ನೂ ನಿರ್ವಹಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವು ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಯಿಂದ ಹಿಂದೆ ಸರಿದಾಗ, ಅಲ್ಲಿನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಪಿಡಿಪಿ-೭ ಎಂಬ ಚಿಕ್ಕ ಗಣಕದ ಮೇಲೆ ಹೊಸದೊಂದು ವ್ಯವಸ್ಥೆಯನ್ನು ಕಟ್ಟತೊಡಗಿದರು. ತಾವು ಉಳಿಸಿಕೊಳ್ಳಲು ಬಯಸಿದುದು ಕೆಲಸಕ್ಕೆ ಅನುಕೂಲವಾದ ಸಾಧನವನ್ನು ಮಾತ್ರವಲ್ಲ, ಸುತ್ತಲೂ ಒಂದು ಬಳಗ ಕೂಡಬಲ್ಲಂಥ ವ್ಯವಸ್ಥೆಯನ್ನು, ಎಂಬ ಅರ್ಥದ ಮಾತನ್ನು ರಿಚಿಯವರು ಮುಂದೆ ಬರೆದಿದ್ದಾರೆ. ಒಂದೇ ಗಣಕವನ್ನು ಹಲವರು ಹಂಚಿಕೊಂಡು ಬಳಸುವುದು ಆ ಬಳಗದ ಬುನಾದಿಯಾಗಿತ್ತು.

೧೯೭೩ರಲ್ಲಿ ಯೂನಿಕ್ಸನ್ನು ಸಿ ಎಂಬ ಭಾಷೆಯಲ್ಲಿ ಹೊಸದಾಗಿ ಬರೆದುದರಿಂದ ಎರಡನೆಯ ಗುಣವೊಂದು ಅದಕ್ಕೆ ಪ್ರಾಪ್ತವಾಯಿತು. ಒಂದು ಯಂತ್ರಕ್ಕಾಗಿ ಬರೆದ ತಂತ್ರಾಂಶವನ್ನು ಬೇರೊಂದು ಯಂತ್ರಕ್ಕೆ ಒಗ್ಗಿಸುವುದು ಅದರಿಂದ ಸುಲಭವಾಯಿತು. ಈ ಒಗ್ಗಿಸುವ ಕೆಲಸಕ್ಕೆ ಪೋರ್ಟಿಂಗ್ ಎಂದು ಹೆಸರು. ೧೯೭೭ರಲ್ಲಿ ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾನಿಲಯದವರು ಇಂಟರ್‌ಡೇಟಾ ೭/೩೨ ಎಂಬ ಯಂತ್ರಕ್ಕೂ, ಅದೇ ಕಾಲದಲ್ಲಿ ಬೆಲ್ ಪ್ರಯೋಗಾಲಯದವರು ಇಂಟರ್‌ಡೇಟಾ ೮/೩೨ ಎಂಬ ಯಂತ್ರಕ್ಕೂ ಯೂನಿಕ್ಸನ್ನು ಒಗ್ಗಿಸಿದರು. ಬಳಗ ಮತ್ತು ಒಗ್ಗುವಿಕೆ ಎಂಬ ಈ ಎರಡು ಗುಣಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ಕಥೆಯೆಲ್ಲವೂ ಇವುಗಳ ವಿಯೋಗ ಮತ್ತು ಪುನರ್ಮಿಲನದ ಕಥೆಯಾಗಿದೆ.

೧೯೮೪ರಲ್ಲಿ ಅಮೆರಿಕದ ದೂರವಾಣಿ ಸಂಸ್ಥೆಯಾದ ಎಟಿ ಅಂಡ್ ಟಿ ವಿಭಜನೆಗೊಂಡ ಬಳಿಕ ಯೂನಿಕ್ಸ್ ವಾಣಿಜ್ಯದ ಸರಕಾಯಿತು. ಒಂದೊಂದು ಗಣಕ ಸಂಸ್ಥೆಯೂ ಅದರ ಮೇಲೆ ತನ್ನದೊಂದು ಕವಲನ್ನು ಬೆಳೆಸಿಕೊಂಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಿಮ್ ಕ್ಲಾರ್ಕ್ ಅವರು ತಮ್ಮ ಶಿಷ್ಯರೊಡನೆ ೧೯೮೦ರ ದಶಕದ ಆರಂಭದಲ್ಲಿ ಸ್ಥಾಪಿಸಿದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಕವಲಿಗೆ ಆ ದಶಕದ ಕೊನೆಯ ವೇಳೆಗೆ ಐರಿಕ್ಸ್ ಎಂಬ ಹೆಸರು ಬಂದಿತು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಅದರ ತಳಹದಿ. ಬರ್ಕ್ಲಿ ವಿಶ್ವವಿದ್ಯಾನಿಲಯದ ಯೂನಿಕ್ಸಿನಿಂದಲೂ ಹಲವು ಅಂಶಗಳು ಸೇರಿದ್ದುವು. ಅದು ನಡೆಯುತ್ತಿದ್ದುದು ಮಿಪ್ಸ್ ಎಂಬ ಜಾತಿಯ ಸಂಸ್ಕಾರಕಗಳ ಮೇಲೆ. ಆ ಸಂಸ್ಕಾರಕಗಳ ಸಂಸ್ಥೆಯನ್ನೇ ಸಿಲಿಕಾನ್ ಗ್ರಾಫಿಕ್ಸ್ ೧೯೯೨ರಲ್ಲಿ ಕೊಂಡುಕೊಂಡಿತು.

ಈ ಯಂತ್ರಗಳ ವೈಭವಕಾಲ ಅಲ್ಪವಾದರೂ ಸಾಮಾನ್ಯವಾದುದಲ್ಲ. ೧೯೯೩ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರದಲ್ಲಿ ಗಣಕದಿಂದ ಮೂಡಿದ ಪ್ರಾಣಿಗಳು ರೂಪುಗೊಂಡುದು ಇವುಗಳ ಮೇಲೆ. ಅದೇ ಚಿತ್ರದಲ್ಲಿ ಬಾಲಕಿಯೊಬ್ಬಳು ತೆರೆಯ ಮೇಲೆ ನಡೆಸುವ ವಿಚಿತ್ರವಾದ ಕಡತದರ್ಶಕವೂ ಕಲ್ಪನೆಯಲ್ಲ, ಐರಿಕ್ಸಿನಲ್ಲಿ ನಿಜವಾಗಿ ಇದ್ದ ತಂತ್ರಾಂಶ. ಮೂರು ಆಯಾಮದ ಚಿತ್ರಣಕ್ಕೆ ಸರ್ವತ್ರ ಬಳಕೆಯಾದ ಓಪನ್‌ಜಿಎಲ್ ಎಂಬ ಪ್ರಮಾಣವು ೧೯೯೨ರಲ್ಲಿ ಈ ಸಂಸ್ಥೆಯಿಂದಲೇ ಹೊರಟಿತು. ೧೯೯೪ರಲ್ಲಿ ಐರಿಕ್ಸಿನೊಡನೆ ಬಂದ ಎಕ್ಸ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಮುಂದೆ ಲಿನಕ್ಸಿಗೆ ದಾನವಾಗಿ ಹೋಯಿತು. ೨೦೧೪ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಅದನ್ನು ತನ್ನ ಲಿನಕ್ಸಿನ ಸಹಜ ಕಡತವ್ಯವಸ್ಥೆಯಾಗಿ ಸ್ವೀಕರಿಸಿತು. ಮೂಲ ಮರವು ಬಿದ್ದ ಮೇಲೂ ಕಸಿಕಟ್ಟಿದ ಕೊಂಬೆ ಫಲ ಕೊಡುತ್ತಿರುವುದಕ್ಕೆ ಇದೊಂದು ನಿದರ್ಶನ.

ಮರವು ಬಿದ್ದುದಕ್ಕೆ ಕಾರಣಗಳು ದುರ್ಗಮವಲ್ಲ. ೧೯೯೦ರ ದಶಕದ ಕೊನೆಗೆ ಸಾಧಾರಣ ವೈಯಕ್ತಿಕ ಗಣಕಕ್ಕೆ ಅಗ್ಗದ ಚಿತ್ರಣಫಲಕವೊಂದನ್ನು ಸೇರಿಸಿದರೆ ಸಾಕು, ಬಹುಮೂಲ್ಯದ ಯಂತ್ರವು ಮಾಡುತ್ತಿದ್ದ ಕೆಲಸದ ಬಹುಭಾಗ ನಡೆಯುವಂತಾಯಿತು. ಲಿನಕ್ಸ್ ಪುಕ್ಕಟೆಯಾಗಿ ದೊರೆಯಿತು. ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು ತಾನೇ ಮಿಪ್ಸನ್ನು ಬಿಟ್ಟು ಇಂಟೆಲ್ ಸಂಸ್ಥೆಯ ಸಂಸ್ಕಾರಕಗಳತ್ತ ಹೊರಳಿತು. ೨೦೦೬ರ ಮೇ ತಿಂಗಳಲ್ಲಿ ಅದು ದಿವಾಳಿತನದ ರಕ್ಷಣೆಯನ್ನು ಕೋರಿತು. ಆಗಸ್ಟಿನಲ್ಲಿ ಐರಿಕ್ಸಿನ ಕೊನೆಯ ಆವೃತ್ತಿಯಾದ ೬.೫.೩೦ ಹೊರಬಂದಿತು, ಡಿಸೆಂಬರಿನಲ್ಲಿ ಮಿಪ್ಸ್ ಯಂತ್ರಗಳ ತಯಾರಿಕೆ ನಿಂತಿತು. ೨೦೦೯ರಲ್ಲಿ ಸಂಸ್ಥೆಯು ಮತ್ತೆ ದಿವಾಳಿಯಾಗಿ ಪರರ ಕೈ ಸೇರಿತು. ೨೦೧೩ರ ಡಿಸೆಂಬರಿನಲ್ಲಿ ಐರಿಕ್ಸಿಗೆ ದೊರೆಯುತ್ತಿದ್ದ ಅಧಿಕೃತ ನೆರವೂ ಕೊನೆಗೊಂಡಿತು. ೨೦೧೬ರಲ್ಲಿ ಉಳಿದುದೆಲ್ಲವೂ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯ ವಶವಾಯಿತು.

ರೂಢಿಯ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಆದರೆ ಚಲನಚಿತ್ರ ತಯಾರಕರ ಕಾರ್ಯಾಗಾರಗಳಿಂದಲೂ ವಿಶ್ವವಿದ್ಯಾನಿಲಯಗಳಿಂದಲೂ ಹೊರಹಾಕಲ್ಪಟ್ಟ ಇಂಡಿ, ಓಟು, ಆಕ್ಟೇನ್, ಆರಿಜಿನ್ ಮೊದಲಾದ ಯಂತ್ರಗಳು ಅಲ್ಪ ಬೆಲೆಗೆ ಹವ್ಯಾಸಿಗಳ ಮನೆಗಳನ್ನು ಸೇರಿದುವು. ಅವುಗಳನ್ನು ಸುಮ್ಮನೆ ಹೊತ್ತಿಸಿ ನೋಡುವುದಕ್ಕೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದುದು ಅವುಗಳಿಂದ ಕೆಲಸ ಮಾಡಿಸುವುದರಲ್ಲಿ. ಗಣಕಜಾಲದ ಗುಪ್ತಸಂವಹನದ ಹಳೆಯ ವಿಧಾನಗಳನ್ನು ಹೊರಜಗತ್ತು ಒಂದೊಂದಾಗಿ ಕೈಬಿಟ್ಟಿತು. ಟಿಎಲ್‌ಎಸ್ ವಿಧಾನದ ಮೊದಲ ಎರಡು ಆವೃತ್ತಿಗಳು ೨೦೨೧ರಲ್ಲಿ ವಿಧಿವತ್ತಾಗಿ ತ್ಯಾಜ್ಯವಾದುವು. ಹೊಸ ವಿಧಾನವನ್ನು ಅರಿಯದ ಯಂತ್ರಕ್ಕೆ ಜಾಲದ ಬಾಗಿಲುಗಳು ಮುಚ್ಚಿದಂತೆಯೇ. ಸಿ ಭಾಷೆಯ ಬರಹವನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನಕ್ಕೆ ಕಂಪೈಲರ್ ಎನ್ನುತ್ತಾರೆ. ಮುಕ್ತ ಕಂಪೈಲರುಗಳಲ್ಲಿ ಪ್ರಧಾನವಾದ ಜಿಸಿಸಿ ಕೂಡ ೨೦೧೩ರ ತನ್ನ ೪.೮ನೆಯ ಆವೃತ್ತಿಯಲ್ಲಿ ಐರಿಕ್ಸನ್ನು ಕೈಬಿಟ್ಟಿತು. ಆದುದರಿಂದ ಹೊಸ ತಂತ್ರಾಂಶವನ್ನು ಹಳೆಯ ವ್ಯವಸ್ಥೆಗೆ ಒಗ್ಗಿಸುವ ಕಾರ್ಯವನ್ನು ಹವ್ಯಾಸಿಗಳೇ ಕೈಗೊಳ್ಳಬೇಕಾಯಿತು.

ಈ ಕಾರ್ಯದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಇಂದಿನ ತಂತ್ರಾಂಶವನ್ನು ಬರೆಯುವವರು ವ್ಯವಸ್ಥೆಯಲ್ಲಿ ಕೆಲವು ಉಪಕರಣಗಳು ಇದ್ದೇ ಇರುತ್ತವೆಂದು ಭಾವಿಸುತ್ತಾರೆ. ಉದಾಹರಣೆಗೆ ಸೆಟೆನ್ವ್, ಗೆಟ್‌ಲೈನ್, ಎಸ್‌ಟಿಆರ್‌ಎನ್‌ಡಪ್ ಎಂಬ ಸಣ್ಣ ಕ್ರಮವಿಧಿಗಳು ಇಂದು ಎಲ್ಲೆಡೆಯೂ ದೊರೆಯುತ್ತವೆ, ಐರಿಕ್ಸ್ ೬.೫ರಲ್ಲಿ ಅವು ಇಲ್ಲ. ಒಗ್ಗಿಸುವವನು ಇಂಥ ಕೊರತೆಗಳನ್ನು ಒಂದೊಂದಾಗಿ ಗುರುತಿಸಿ, ತಾನೇ ಬರೆದು ತುಂಬಬೇಕು. ಇದಕ್ಕಿಂತ ಸೂಕ್ಷ್ಮವಾದುದು ಸಂಖ್ಯೆಗಳ ಕ್ರಮ. ನಮ್ಮ ಶಾಸನಗಳಲ್ಲಿ ಶಕವರ್ಷವನ್ನು ಪದಸಂಕೇತಗಳಿಂದ ಸೂಚಿಸುವಾಗ ಬಿಡಿಸ್ಥಾನದಿಂದ ಆರಂಭಿಸುವ ಪದ್ಧತಿ ಇರುವುದಷ್ಟೆ. ಅದನ್ನರಿಯದೆ ಎಡದಿಂದ ಓದಿದವನು ಶಾಸನದ ಕಾಲವನ್ನೇ ತಪ್ಪಾಗಿ ನಿರ್ಣಯಿಸುತ್ತಾನೆ. ಗಣಕಗಳಲ್ಲಿಯೂ ಇಂಥದೇ ಭೇದವುಂಟು. ಐರಿಕ್ಸ್ ಯಂತ್ರಗಳು ಸಂಖ್ಯೆಯ ಹಿರಿಯ ಭಾಗವನ್ನು ಮೊದಲು ಇರಿಸಿದರೆ, ಇಂದು ಬಳಕೆಯಲ್ಲಿರುವ ಬಹುಪಾಲು ಯಂತ್ರಗಳು ಕಿರಿಯ ಭಾಗವನ್ನು ಮೊದಲು ಇರಿಸುತ್ತವೆ. ಎರಡನೆಯದನ್ನೇ ಸರ್ವಸಾಮಾನ್ಯವೆಂದು ನಂಬಿ ಬರೆದ ತಂತ್ರಾಂಶವು ಐರಿಕ್ಸಿನಲ್ಲಿ ಕೆಲವೊಮ್ಮೆ ನಿಂತುಹೋಗುತ್ತದೆ; ಕೆಲವೊಮ್ಮೆ ನಿಲ್ಲದೆ, ತಪ್ಪು ಉತ್ತರವನ್ನು ಕೊಡುತ್ತದೆ. ಎರಡನೆಯ ಬಗೆಯೇ ಹೆಚ್ಚು ಅಪಾಯಕರ.

ಇಲ್ಲಿ ಯಂತ್ರಗಳನ್ನು ಹಂಚಿಕೊಳ್ಳುವ ಅಗತ್ಯವು ತಲೆದೋರುತ್ತದೆ. ಇದು ಔದಾರ್ಯದ ಮಾತಲ್ಲ, ಕೆಲಸದ ಸ್ವಭಾವದಿಂದಲೇ ಹುಟ್ಟಿದ ನಿರ್ಬಂಧ. ಮಿಪ್ಸ್ ಸಂಸ್ಕಾರಕಗಳಲ್ಲಿ ಪೀಳಿಗೆಗಳಿವೆ. ಆಕ್ಟೇನ್ ಯಂತ್ರದ ಆರ್೧೦೦೦೦ ಸಂಸ್ಕಾರಕಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶವು ಹಳೆಯ ಇಂಡಿಯ ಆರ್೪೪೦೦ ಸಂಸ್ಕಾರಕದ ಮೇಲೆ ನಡೆಯದೆ ಹೋಗಬಹುದು. ಏಕೆಂದರೆ ಮೊದಲನೆಯದಕ್ಕೆ ತಿಳಿದಿರುವ ಆದೇಶಗಳಲ್ಲಿ ಕೆಲವು ಎರಡನೆಯದಕ್ಕೆ ತಿಳಿಯವು. ಇವೆಲ್ಲವನ್ನೂ ಒಬ್ಬನೇ ಕೊಂಡು, ಇರಿಸಿ, ವಿದ್ಯುತ್ತಿನ ವೆಚ್ಚವನ್ನು ಭರಿಸಿ ಪರೀಕ್ಷಿಸುವುದು ದುಸ್ಸಾಧ್ಯ. ಇನ್ನು ಕಾಲದ ಪ್ರಶ್ನೆ: ಕಂಪೈಲರಿನಂಥ ದೊಡ್ಡ ತಂತ್ರಾಂಶವನ್ನು ಒಂದೇ ಸಂಸ್ಕಾರಕವಿರುವ ಹಳೆಯ ಯಂತ್ರದಲ್ಲಿ ಕಟ್ಟಲು ಹಗಲಿರುಳು ಕಾಯಬೇಕಾಗುತ್ತದೆ. ಆದುದರಿಂದ ಹಲವು ಸಂಸ್ಕಾರಕಗಳುಳ್ಳ ಆರಿಜಿನ್ ಯಂತ್ರವನ್ನು ಉಳ್ಳವರು ಜಾಲದ ಮೂಲಕ ಇತರರಿಗೆ ಅದರಲ್ಲಿ ಖಾತೆಯನ್ನು ತೆರೆದುಕೊಡುತ್ತಾರೆ. ಒಬ್ಬರು ಅಲ್ಲಿ ಕಟ್ಟಿದುದನ್ನು ಇನ್ನೊಬ್ಬರು ತಮ್ಮ ಇಂಡಿಯಲ್ಲಿ, ಮತ್ತೊಬ್ಬರು ತಮ್ಮ ಓಟುವಿನಲ್ಲಿ ನಡೆಸಿ ದೋಷಗಳನ್ನು ತಿಳಿಸುತ್ತಾರೆ. ಒಂದೇ ಕೃತಿಯ ಹಸ್ತಪ್ರತಿಗಳು ಹಲವು ಮಠಗಳಲ್ಲಿ ಚದರಿರುವಾಗ, ಪ್ರತ್ಯಂತರಗಳನ್ನು ಕೂಡಿಸಿ ನೋಡದೆ ಶುದ್ಧಪಾಠವು ಸಿದ್ಧಿಸದೆಂಬುದನ್ನು ಬಲ್ಲ ಕನ್ನಡ ವಾಚಕರಿಗೆ ಈ ಕ್ರಮವು ಅಪರಿಚಿತವೆನಿಸಲಾರದು.

ಈ ಸಹಕಾರದ ಫಲಗಳಲ್ಲಿ ಎರಡನ್ನು ಹೆಸರಿಸಬಹುದು. ಮೊದಲನೆಯದು ೨೦೦೦ದ ದಶಕದಲ್ಲಿ ಬೆಳೆದ ನೆಕೋವೇರ್ ಎಂಬ ತಂತ್ರಾಂಶ ಸಂಕಲನ. ಇದರಲ್ಲಿನ ಬಹುಪಾಲು ತಂತ್ರಾಂಶಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯ ಮಿಪ್ಸ್‌ಪ್ರೊ ಎಂಬ ಕಂಪೈಲರಿನಿಂದ ಕಟ್ಟಿ, ಐರಿಕ್ಸಿನ ಸ್ವಂತ ರೂಢಿಗೆ ಅನುಗುಣವಾದ ಕಟ್ಟುಗಳಲ್ಲಿ ಒದಗಿಸಲಾಯಿತು. ಮಿಪ್ಸ್‌ಪ್ರೊ ಉತ್ತಮವಾದ ಕಂಪೈಲರೇ ಆದರೂ ಪರವಾನಗಿಯ ಕಟ್ಟಿಗೆ ಒಳಪಟ್ಟಿತ್ತು. ಪರವಾನಗಿ ಕೊಡುವ ಸಂಸ್ಥೆಯೇ ಕಣ್ಮರೆಯಾದ ಮೇಲೆ ಅದನ್ನು ಆಶ್ರಯಿಸಿದ ಕಾರ್ಯವೂ ಸೊರಗುವುದು ಅನಿವಾರ್ಯವಾಗಿತ್ತು. ೨೦೧೮ರಲ್ಲಿ ಸಂಕಲನದ ಮೂಲ ನೆಲೆಯು ಮುಚ್ಚಿದಾಗ ಅದು ಪೂರ್ಣವಾಗಿ ನಾಶವಾಗದೆ ಉಳಿದುದು, ಪ್ರತಿಗಳು ಹಲವರ ಕೈಯಲ್ಲಿ ಇದ್ದುದರಿಂದ. ಎರಡನೆಯದು ೨೦೨೦ರ ಸುಮಾರಿಗೆ ಸಿಲಿಕಾನ್ ಗ್ರಾಫಿಕ್ಸ್ ಬಳಕೆದಾರರ ಕೂಟವೊಂದು ಸಿದ್ಧಪಡಿಸಿದ ಪರಿಸರ. ಜಿಸಿಸಿಯ ೯ನೆಯ ಆವೃತ್ತಿಯನ್ನು ಐರಿಕ್ಸಿಗೆ ಪುನಃ ಒಗ್ಗಿಸಿ, ರೆಡ್ ಹ್ಯಾಟ್ ಲಿನಕ್ಸಿನ ಮಾದರಿಯ ಕಟ್ಟುಗಳಲ್ಲಿ ಆಧುನಿಕ ತಂತ್ರಾಂಶಗಳನ್ನು ಅದು ಒದಗಿಸಿತು. ಒಡೆಯನ ಕಂಪೈಲರಿನಿಂದ ಮುಕ್ತವಾದ ಕಂಪೈಲರಿಗೆ ಆದ ಈ ಸಂಕ್ರಮಣವೇ ಉತ್ತರಚರಿತ್ರೆಯ ಮುಖ್ಯ ಘಟನೆ ಎಂದು ನನ್ನ ಅಭಿಪ್ರಾಯ.

ಇಷ್ಟು ಶ್ರಮಕ್ಕೆ ಪ್ರಯೋಜನವೇನೆಂದು ಕೇಳುವವರು ಉಂಟು. ಯಂತ್ರಗಳನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸಿದರೆ ಸಾಲದೆ? ಸಾಲದು. ಇಂಡಿಯ ಗಡಿಯಾರದ ಚಿಪ್ಪಿನೊಳಗೆ ಹುದುಗಿಸಿದ ಬ್ಯಾಟರಿ ಇದೆ. ಅದು ತೀರಿದಾಗ ಯಂತ್ರವು ಜಾಲದಲ್ಲಿನ ತನ್ನ ವಿಳಾಸವನ್ನೇ ಮರೆಯುತ್ತದೆ. ಬಳಸುತ್ತಿರುವವನು ಅದನ್ನು ಕಂಡು ಸರಿಪಡಿಸುತ್ತಾನೆ. ಗಾಜಿನ ಪೆಟ್ಟಿಗೆಯಲ್ಲಿ ಅದು ಯಾರ ಗಮನಕ್ಕೂ ಬಾರದು. ಹಾಗಾದರೆ ಹಳೆಯ ಯಂತ್ರವನ್ನು ಹೊಸ ಗಣಕದಲ್ಲಿ ಅನುಕರಿಸುವ ತಂತ್ರಾಂಶ ಸಾಲದೆ? ಅದು ಬೆಲೆಯುಳ್ಳ ಸಾಧನವೇ. ಇಂಡಿಯನ್ನು ಅನುಕರಿಸುವ ತಂತ್ರಾಂಶ ಇಂದು ಉಂಟು. ಆದರೆ ಅನುಕರಣೆ ಸರಿಯಾಗಿದೆಯೆ ಎಂದು ನಿರ್ಣಯಿಸಲು ನಡೆಯುತ್ತಿರುವ ಮೂಲ ಯಂತ್ರ ಬೇಕು, ಅದನ್ನು ಬಲ್ಲವರೂ ಬೇಕು.

ಇದಕ್ಕಿಂತ ಗಂಭೀರವಾದುದು ಹಕ್ಕಿನ ಪ್ರಶ್ನೆ. ಬೆಲ್ ಪ್ರಯೋಗಾಲಯದ ಆರಂಭದ ಯೂನಿಕ್ಸುಗಳ ಮೂಲಬರಹವನ್ನು ಅಂದು ಅದರ ಹಕ್ಕುದಾರರಾಗಿದ್ದ ಕಾಲ್ಡೆರಾ ಸಂಸ್ಥೆಯವರು ೨೦೦೨ರ ಜನವರಿಯಲ್ಲಿ ಉದಾರವಾದ ಪರವಾನಗಿಯಡಿ ಬಿಡುಗಡೆ ಮಾಡಿದರು. ಅದರ ಫಲವಾಗಿ ಆ ವ್ಯವಸ್ಥೆಗಳನ್ನು ಇಂದು ಯಾವ ವಿದ್ಯಾರ್ಥಿಯಾದರೂ ಓದಬಹುದು, ನಡೆಸಬಹುದು. ಐರಿಕ್ಸಿನ ಮೂಲಬರಹಕ್ಕೆ ಅಂಥ ಬಿಡುಗಡೆ ಆಗಿಲ್ಲ. ಹವ್ಯಾಸಿಗಳು ವ್ಯವಸ್ಥೆಯ ಹೊರಗೋಡೆಗೆ ಎಷ್ಟು ಗಾರೆ ಮೆತ್ತಿದರೂ ಒಳಗಿನ ದೋಷವನ್ನು ತಿದ್ದಲಾರರು. ೧೯೯೦ರ ದಶಕದ ಗಣಕಚಿತ್ರಕಲೆಯ ಎಷ್ಟೋ ಕಡತಗಳು ಹುಟ್ಟಿದುದು ಈ ವ್ಯವಸ್ಥೆಯಲ್ಲಿ. ಅವುಗಳ ಚರಿತ್ರೆಯನ್ನು ಮುಂದೆ ಬರೆಯುವವನಿಗೆ ಅದು ನಡೆಯುವ ಸ್ಥಿತಿಯಲ್ಲಿ ದೊರೆಯಬೇಕು. ದೊರೆಯದಿದ್ದರೆ ಲಿಪಿ ತಿಳಿಯದ ಶಾಸನದ ಮುಂದೆ ನಿಂತವನ ಗತಿಯೇ ಅವನದಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಬಳಗ ಮತ್ತು ಒಗ್ಗುವಿಕೆ ಎಂಬ ಯೂನಿಕ್ಸಿನ ಎರಡು ಮೂಲಗುಣಗಳನ್ನು ವಾಣಿಜ್ಯವು ಬೇರ್ಪಡಿಸಿತು. ವಾಣಿಜ್ಯವು ಬಿಟ್ಟುಹೋದ ಬಯಲಿನಲ್ಲಿ ಅವು ಮತ್ತೆ ಒಂದಾದುವು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಕೆಲಸ ಮಾಡುವುದು ೧೯೬೯ರ ಆಕಾಂಕ್ಷೆಯಾಗಿತ್ತು. ದೂರದ ಆರಿಜಿನ್ ಯಂತ್ರಕ್ಕೆ ಪ್ರವೇಶಿಸಿ ದುಡಿಯುವ ಹವ್ಯಾಸಿಯು ಅದನ್ನೇ ಅರಿತೋ ಅರಿಯದೆಯೋ ಮುಂದುವರಿಸುತ್ತಿದ್ದಾನೆ. ಈ ಬಳಗ ಚಿಕ್ಕದು. ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಹೊಸ ಮಿಪ್ಸ್ ಯಂತ್ರವನ್ನು ಇನ್ನಾರೂ ಅದಕ್ಕೆ ತಯಾರಿಸಿಕೊಡರು. ಆದರೂ ಕೆರೆಯನ್ನು ಕಟ್ಟಿಸಿದವನ ಹೆಸರನ್ನು ಶಾಸನವು ಹೇಳಿದರೆ, ಅದರಲ್ಲಿ ನೀರು ನಿಂತಿರುವುದು ಹೂಳೆತ್ತಿದವರ ಕೈಯಿಂದ. ಗಣಕಗಳ ಚರಿತ್ರೆಯನ್ನು ಬರೆಯುವವರು ಈ ಹೂಳೆತ್ತಿದವರಿಗೂ ಒಂದು ಅಧ್ಯಾಯವನ್ನು ಮೀಸಲಿಡುವುದು ನ್ಯಾಯವಾದುದು.